ಜೀರ್ಣರಥದ ಪುನರುಜ್ಜೀವನ

ಹಲವು ವರ್ಷಗಳ ಕಾಲ ಕೊಟ್ಟಿಗೆಯೊಂದರ ಕತ್ತಲಲ್ಲಿ ಧೂಳು ಹೊದ್ದು ನಿಂತಿದ್ದ ಹಳೆಯ ಮೋಟಾರುಗಾಡಿಯನ್ನು ಹಣ ತೆತ್ತು ಕೊಂಡು, ಅದನ್ನು ಮರಳಿ ರಸ್ತೆಯ ಮೇಲೆ ನಡೆಯಿಸಬೇಕೆಂದು ಹೊರಟವನಿಗೆ ಮೊದಲು ಎದುರಾಗುವುದು ಕೈಕೆಲಸದ ಪ್ರಶ್ನೆಯೆಂದು ತೋರಿದರೂ, ಆ ಕೆಲಸವು ಅರ್ಧಕ್ಕೆ ಬರುವಷ್ಟರಲ್ಲಿ ಅದು ತತ್ತ್ವದ ಪ್ರಶ್ನೆಯಾಗಿ ಪರಿಣಮಿಸುತ್ತದೆ. ಯಾವುದು ಉಳಿದರೆ ವಸ್ತು ಉಳಿಯಿತೆನ್ನಬೇಕು? ಯಾವುದು ಹೋದರೆ ಅದು ಹೋಯಿತೆನ್ನಬೇಕು? ದೇಹಾತ್ಮಗಳ ವಿಚಾರದಲ್ಲಿ ನಮ್ಮ ಹಿರಿಯರು ಕೇಳಿಕೊಂಡ ಪ್ರಶ್ನೆಯನ್ನೇ ಕಬ್ಬಿಣ, ರಬ್ಬರು, ತೊಗಲುಗಳಿಂದಾದ ಈ ಯಂತ್ರವೂ ಅವನ ಮುಂದಿಡುತ್ತದೆ.

ಚಲನೆಗಾಗಿ ಹುಟ್ಟಿದ ಯಂತ್ರಕ್ಕೆ ನಿಶ್ಚಲತೆಯೇ ರೋಗ. ಟ್ಯಾಂಕಿನಲ್ಲಿ ನಿಂತ ಪೆಟ್ರೋಲಿನ ಹಗುರವಾದ ಅಂಶವೆಲ್ಲ ಆವಿಯಾಗಿ, ಉಳಿದದ್ದು ಅಂಟಾಗಿ ಕಾರ್ಬ್ಯುರೇಟರಿನ ಸೂಕ್ಷ್ಮರಂಧ್ರಗಳನ್ನು ಮುಚ್ಚುತ್ತದೆ. ಬ್ರೇಕ್ ಆಯಿಲು ಗಾಳಿಯ ತೇವವನ್ನು ಹೀರಿ ಸಿಲಿಂಡರುಗಳಿಗೆ ತುಕ್ಕು ಹಿಡಿಸುತ್ತದೆ. ರಬ್ಬರಿನ ಕೊಳವೆಗಳು ಬಿರಿಯುತ್ತವೆ. ಪಿಸ್ಟನ್ನಿನ ರಿಂಗುಗಳು ಸಿಲಿಂಡರಿನ ಗೋಡೆಗೆ ಕಚ್ಚಿಕೊಂಡು ಎಂಜಿನ್ ಸೀಜ್ ಆಗುತ್ತದೆ. ಆತುರಗಾರನು ಹೊಸ ಬ್ಯಾಟರಿಯನ್ನು ಕೂರಿಸಿ ಒಡನೆಯೇ ಸ್ಟಾರ್ಟ್ ಮಾಡಲು ಹೋಗಿ ಒಳಗಿನದನ್ನು ಮುರಿದಿಟ್ಟುಕೊಳ್ಳುತ್ತಾನೆ. ವಿವೇಕಿಯಾದ ಮೆಕ್ಯಾನಿಕನಾದರೋ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಲ್ಲಿ ಎಣ್ಣೆ ಬಿಟ್ಟು, ದಿನಗಟ್ಟಲೆ ಕಾದು, ಅನಂತರವೇ ಹ್ಯಾಂಡಲ್ ಹಾಕಿ ಮೆಲ್ಲನೆ ತಿರುಗಿಸಿ ನೋಡುತ್ತಾನೆ. ಈ ಸಹನೆಯನ್ನು ನಾನು ಶೀಲವೆಂದೇ ಕರೆಯುತ್ತೇನೆ. ತನ್ನ ಇಚ್ಛೆಗಿಂತ ವಸ್ತುವಿನ ಸ್ಥಿತಿಗೆ ಮೊದಲ ಮನ್ನಣೆಯನ್ನೀಯುವವನಲ್ಲದೆ ಬೇರಾರೂ ಅದನ್ನು ಪಾಲಿಸಲಾರರು. ಆದರೆ ಎಷ್ಟೇ ಸಹನೆಯಿದ್ದರೂ ಹೋಸು, ವೈರು, ಬೇರಿಂಗು, ಟೈರುಗಳನ್ನು ಬದಲಾಯಿಸದೆ ವಿಧಿಯಿಲ್ಲ; ತುಕ್ಕು ತಿಂದ ತಳದ ತಗಡನ್ನೂ ಕತ್ತರಿಸಿ ಹೊಸದನ್ನು ಬೆಸೆಯಬೇಕಾಗುತ್ತದೆ. ಹಾಗಾದರೆ ಕೊನೆಗೆ ಎದ್ದು ನಡೆದದ್ದು ಯಾವ ಗಾಡಿ?

ಬೌದ್ಧಗ್ರಂಥವಾದ ‘ಮಿಲಿಂದಪನ್ಹ’ದಲ್ಲಿ ಭಿಕ್ಷು ನಾಗಸೇನನು ಯವನರಾಜ ಮಿಲಿಂದನನ್ನು, ಅವನು ಏರಿಬಂದ ರಥವನ್ನೇ ನಿದರ್ಶನವಾಗಿರಿಸಿಕೊಂಡು ಪ್ರಶ್ನಿಸುತ್ತಾನೆ: ಅಚ್ಚು ರಥವೆ, ಗಾಲಿ ರಥವೆ, ಮೂಕಿ ರಥವೆ? ಯಾವುದೂ ಅಲ್ಲವೆಂದು ಒಪ್ಪಿದ ರಾಜನು, ಇವೆಲ್ಲವನ್ನೂ ಆಶ್ರಯಿಸಿ ರಥವೆಂಬ ಹೆಸರು ವ್ಯವಹಾರದಲ್ಲಿದೆಯೆಂಬ ನಿರ್ಣಯಕ್ಕೆ ಬರುತ್ತಾನೆ. ಕಠೋಪನಿಷತ್ತಿನ ರಥವಾದರೋ ಬೇರೆ; ಅಲ್ಲಿ ಶರೀರವೇ ರಥ, ಬುದ್ಧಿಯೇ ಸಾರಥಿ, ಮನಸ್ಸೇ ಲಗಾಮು, ಇಂದ್ರಿಯಗಳೇ ಕುದುರೆಗಳು, ಇವೆಲ್ಲಕ್ಕೂ ಒಡೆಯನಾದ ಆತ್ಮನೇ ರಥಿ. ಒಂದು ದರ್ಶನವು ಭಾಗಗಳಾಚೆಗೆ ಏನನ್ನೂ ಕಾಣದು. ಇನ್ನೊಂದು, ರಥಕ್ಕೆ ಅರ್ಥವನ್ನೀಯುವವನನ್ನು ರಥದಿಂದ ಬೇರೆಯಾಗಿಯೇ ಕಾಣುತ್ತದೆ. ಕೇವಲ ಲೋಹದಲ್ಲಿ ಗಾಡಿಯ ತನ್ನತನವನ್ನು ಅರಸುವುದು ವ್ಯರ್ಥವೆಂಬಲ್ಲಿ ಮಾತ್ರ ಎರಡೂ ಒಂದಾಗುತ್ತವೆ.

ಇದೇ ಪ್ರಶ್ನೆ 1990ರಲ್ಲಿ ಲಂಡನ್ನಿನ ಉಚ್ಚ ನ್ಯಾಯಾಲಯದ ಮುಂದೆ ಬಂದಿತು. 1929 ಮತ್ತು 1930ರ ಲ ಮಾನ್ ಪಂದ್ಯಗಳನ್ನು ಗೆದ್ದ ‘ಓಲ್ಡ್ ನಂಬರ್ ಒನ್’ ಎಂಬ ಬೆಂಟ್ಲಿ ಕಾರು 1932ರಲ್ಲಿ ಬ್ರೂಕ್‌ಲ್ಯಾಂಡ್ಸ್ ಪಥದಲ್ಲಿ ಅಪಘಾತಕ್ಕೀಡಾಗಿ, ಅದನ್ನು ಓಡಿಸುತ್ತಿದ್ದ ಕ್ಲೈವ್ ಡನ್‌ಫೀ ಮಡಿದನು. ಆ ಬಳಿಕ ಅದಕ್ಕೆ ಬೇರೆ ಬಾಡಿಯನ್ನು ಕಟ್ಟಲಾಯಿತು. ಬಹುಕಾಲದ ಮೇಲೆ ಅದನ್ನು ಕೊಳ್ಳಲು ಒಪ್ಪಿದ್ದವರು, ಅದು ನಿಜವಾದ ‘ಓಲ್ಡ್ ನಂಬರ್ ಒನ್’ ಅಲ್ಲವೆಂದು ತಕರಾರು ತೆಗೆದರು. ಪಂದ್ಯ ಗೆದ್ದ ಕಾಲದ ಲೋಹ ಅದರಲ್ಲಿ ಅತ್ಯಲ್ಪವೆಂಬುದನ್ನು ಕಂಡುಕೊಂಡೂ ನ್ಯಾಯಮೂರ್ತಿ ಆಟನ್ ಅವರು, ಆ ಗಾಡಿಯ ಚರಿತ್ರೆಯು ಅವಿಚ್ಛಿನ್ನವಾಗಿ ನಡೆದುಬಂದಿರುವುದರಿಂದ ಆ ಹೆಸರಿಗೆ ಅದು ಅರ್ಹವೇ ಎಂದು ತೀರ್ಪಿತ್ತರು. ತತ್ತ್ವಜ್ಞರು ಶತಮಾನಗಳಿಂದ ಚರ್ಚಿಸಿದ್ದನ್ನು ವ್ಯವಹಾರದ ನ್ಯಾಯವು ಹೀಗೆ ಬಗೆಹರಿಸಿತು.

ನಮ್ಮ ಆಗಮಗಳ ಜೀರ್ಣೋದ್ಧಾರ ವಿಧಿಯ ಮರ್ಮವೂ ಈ ಅವಿಚ್ಛಿನ್ನತೆಯಲ್ಲಿಯೇ ಇದೆ. ಗರ್ಭಗುಡಿಯ ಕಲ್ಲನ್ನು ಮುಟ್ಟುವ ಮೊದಲು ದೇವತೆಯ ಸಾನ್ನಿಧ್ಯವನ್ನು ಕಲಶಕ್ಕೆ ಆಕರ್ಷಿಸಿ, ತಾತ್ಕಾಲಿಕ ಗುಡಿಯಾದ ಬಾಲಾಲಯದಲ್ಲಿರಿಸಿ, ನಿತ್ಯಪೂಜೆ ನಿಲ್ಲದಂತೆ ನೋಡಿಕೊಂಡು, ಕೆಲಸ ಮುಗಿದಮೇಲೆ ಪುನಃಪ್ರತಿಷ್ಠೆ ಮಾಡುವರು. ಪುರಿಯ ಜಗನ್ನಾಥನಿಗೆ ಅಧಿಕ ಆಷಾಢ ಬರುವ ವರ್ಷಗಳಲ್ಲಿ, ಈಚೆಗೆ 1996ರಲ್ಲಿ ಮತ್ತು 2015ರಲ್ಲಿ ನಡೆದಂತೆ, ನವಕಲೇವರವಾಗುತ್ತದೆ. ಬೇವಿನ ಮರದ ಹೊಸ ವಿಗ್ರಹಕ್ಕೆ ‘ಬ್ರಹ್ಮಪದಾರ್ಥ’ವನ್ನು ಸಾಗಿಸಿ, ಹಳೆಯ ವಿಗ್ರಹವನ್ನು ಎಸೆಯದೆ ವಿಧಿಪೂರ್ವಕವಾಗಿ ಭೂಮಿಗೊಪ್ಪಿಸುವರು. ಮರ ಬದಲಾಯಿತೆಂದು ಭಕ್ತರಾರೂ ದೇವರು ಬದಲಾದನೆನ್ನರು.

ಆದರೆ ಬಹುಕಾಲ ಕೊಟ್ಟಿಗೆಯಲ್ಲಿ ಯಾರ ಗಮನಕ್ಕೂ ಬಾರದೆ ನಿಂತ ಗಾಡಿಯ ವಿಷಯದಲ್ಲಿ ಆ ಅವಿಚ್ಛಿನ್ನತೆಯ ಸೂತ್ರವೇ ಕಡಿದುಹೋಗಿಲ್ಲವೆ ಎಂಬ ಆಕ್ಷೇಪವನ್ನು ನಾವು ಲಘುವಾಗಿ ಕಾಣಲಾಗದು. ಆದರೂ ಪೂಜೆ ನಿಂತುಹೋದ ಗುಡಿಗೂ ಶಾಸ್ತ್ರವು ಪ್ರಾಯಶ್ಚಿತ್ತಪೂರ್ವಕವಾದ ಸಂಪ್ರೋಕ್ಷಣವನ್ನು ವಿಧಿಸಿದೆ. ಅಂದರೆ ಸೇವೆಗೆ ಭಂಗ ಬಂದರೂ ಅದನ್ನು ಮರಳಿ ಕೈಗೆತ್ತಿಕೊಳ್ಳುವ ಅಧಿಕಾರ ಅಳಿಯುವುದಿಲ್ಲ. ಆ ಗಾಡಿಯನ್ನು ಗುಜರಿಗೆ ಹಾಕದೆ ಉಳಿಸಿದವರೂ, ಓಡಿಸಲಾರದೆ ಇದ್ದರೂ, ಒಂದು ಬಗೆಯ ಸೇವೆಯನ್ನೇ ಸಲ್ಲಿಸಿದರು; ಅವರಿಂದ ಗಾಡಿಯನ್ನು ಪಡೆದವನು ಅದರೊಡನೆ ಒಂದು ಋಣವನ್ನೂ ಪಡೆಯುತ್ತಾನೆ.

ಈ ಋಣವನ್ನು ತೀರಿಸುವ ಬಗೆ ಎಲ್ಲ ಗಾಡಿಗಳಿಗೂ ಒಂದೇ ಅಲ್ಲ. ದಶಕಗಳ ಕಾಲ ಮ್ಯಾಜೋರೆ ಸರೋವರದ ತಳದಲ್ಲಿ ಮುಳುಗಿದ್ದು 2009ರಲ್ಲಿ ಮೇಲೆ ಬಂದ 1925ರ ಬುಗಾಟಿ ಕಾರನ್ನು, ತುಕ್ಕು ತಿಂದ ಆ ರೂಪದಲ್ಲಿಯೇ ಅಮೆರಿಕದ ಸಂಗ್ರಹಾಲಯವೊಂದು ಪ್ರದರ್ಶಿಸಿತು. ಅದನ್ನು ಹೊಸದಾಗಿಸಹೋಗಿದ್ದರೆ ಉಳಿದಷ್ಟೂ ಅಳಿಯುತ್ತಿತ್ತು. ಎಲ್ಲಿ ಪ್ರಾಣವನ್ನು ಮರಳಿಸಬಹುದೋ ಅಲ್ಲಿ ದುರಸ್ತಿ ಧರ್ಮ. ಎಲ್ಲಿ ದುರಸ್ತಿಯೇ ನಾಶವಾಗುವುದೋ ಅಲ್ಲಿ ಕೈ ತಡೆಯುವುದು ಧರ್ಮ. ಕಾನೂನೂ ಇಂಥ ಸಂಯಮವನ್ನು ಬಯಸುತ್ತದೆ: ಭಾರತದಲ್ಲಿ 2021ರ ಮೋಟಾರು ವಾಹನ ನಿಯಮಗಳು, 50 ವರ್ಷ ಮೀರಿದ ವಾಹನಕ್ಕೆ ವಿಂಟೇಜ್ ನೋಂದಣಿ ಬೇಕಾದರೆ ಅದರ ಚಾಸಿ, ಬಾಡಿ, ಎಂಜಿನ್ನುಗಳು ಗಣನೀಯವಾಗಿ ಮಾರ್ಪಡದೆ ಮೂಲರೂಪದಲ್ಲಿರಬೇಕೆನ್ನುತ್ತವೆ.

ಆದಕಾರಣ ಹಳೆಯ ಗಾಡಿಯನ್ನಾಗಲಿ, ಹಳೆಯ ಗುಡಿಯನ್ನಾಗಲಿ ಉದ್ಧರಿಸಹೊರಟವರಲ್ಲಿ ನನ್ನ ವಿನಂತಿಯಿಷ್ಟೆ. ದುಡಿಯಬಲ್ಲ ಭಾಗವನ್ನು ಹಳೆಯದೆಂಬ ಒಂದೇ ಕಾರಣಕ್ಕೆ ತೆಗೆಯಬೇಡಿ, ಕಾಲವು ಪಕ್ವಗೊಳಿಸಿದ ಮೈಗೆ ಥಳಕಿನ ಬಣ್ಣವನ್ನು ಬಳಿಯಬೇಡಿ, ತೆಗೆಯಲೇಬೇಕಾದದ್ದನ್ನು ಜೋಪಾನವಾಗಿರಿಸಿ, ಬದಲಾಯಿಸಿದ್ದನ್ನೆಲ್ಲ ಮರೆಮಾಚದೆ ಬರೆದಿಟ್ಟು ಮುಂದಿನವರ ಕೈಗೊಪ್ಪಿಸಿ. ವಸ್ತುವು ನಿಮ್ಮಲ್ಲಿಗೆ ಬಂದದ್ದು ಒಡೆತನಕ್ಕಿಂತ ಹೆಚ್ಚಾಗಿ ಪಾಲನೆಗಾಗಿ.