ಮಕ್ಕಳ ಹೆಜ್ಜೆಗೆ ತಕ್ಕ ನಡಿಗೆ

ಓದತಕ್ಕ ಭಾಗ: ಆದಿಕಾಂಡ 33:1-14, 1 ಸಮುವೇಲ 1:21-28 ಮತ್ತು 2:18-20



ಮುಂಗಾರಿನ ಮಳೆ ಬಿದ್ದು ಹೆಸರು ಬಿತ್ತುವ ದಿವಸಗಳಲ್ಲಿಯೇ ನಮ್ಮ ಮಲ್ಲಸಮುದ್ರದ ಮನೆಗಳಲ್ಲಿ ಇನ್ನೊಂದು ಬಿತ್ತನೆಯ ಮಾತು ಏಳುತ್ತದೆ. ಮೂರು, ನಾಲ್ಕು, ಐದು ವರುಷದ ಕೂಸುಗಳನ್ನು ಎಲ್ಲಿಗೆ ಕಳುಹಿಸಬೇಕು? ಊರಿನ ಅಂಗನವಾಡಿಗೋ? ಗದಗ-ಬೆಟಗೇರಿಯ ಎಲ್‌ಕೆಜಿ, ಯುಕೆಜಿಗಳಿಗೋ? ಫೀಗೆ ಹಣವೆಲ್ಲಿ? ನೆರೆಮನೆಯ ಕೂಸು ಆಗಲೇ ನೂರರ ವರೆಗೆ ಬರೆಯುತ್ತದಂತೆ, ನಮ್ಮದು ಹಿಂದೆ ಬಿದ್ದೀತೋ? ಈ ಚಿಂತೆಯು ಅನೇಕ ತಾಯಂದಿರ ನಿದ್ರೆಯನ್ನು ಕೆಡಿಸುತ್ತದೆಂದು ನಾವು ಬಲ್ಲೆವು. ಆದಕಾರಣ ಕೂಸು ಮೊದಲನೆಯ ಸಾರಿ ಮನೆಯ ಹೊಸ್ತಿಲು ದಾಟುವ ಈ ವರುಷವನ್ನು ಕುರಿತು ದೇವರ ವಾಕ್ಯದ ಬೆಳಕಿನಲ್ಲಿ ಕೆಲವು ಮಾತುಗಳನ್ನು ಹೇಳಲು ಇಚ್ಛಿಸುತ್ತೇವೆ.

ಮೊದಲು ಯಾಕೋಬನನ್ನು ನೋಡಿರಿ. ಅವನು ಇಪ್ಪತ್ತು ವರುಷ ಲಾಬಾನನ ಮನೆಯಲ್ಲಿ ದುಡಿದು, ಹೆಂಡಿರು ಮಕ್ಕಳು ಕುರಿದನಗಳೊಂದಿಗೆ ಸ್ವದೇಶಕ್ಕೆ ಹಿಂದಿರುಗುವಾಗ ಅಣ್ಣನಾದ ಏಸಾವನು ನಾನೂರು ಮಂದಿಯೊಂದಿಗೆ ಎದುರಾದನು. ಹಳೇ ವೈರವು ಕಣ್ಣೀರಿನಲ್ಲಿ ಕರಗಿದ ಮೇಲೆ, ಕೂಡಿ ಹೋಗೋಣವೆಂದು ಏಸಾವನು ಕರೆದನು. ಯಾಕೋಬನು ಒಪ್ಪಲಿಲ್ಲ. ಮಕ್ಕಳು ಎಳೆಯರು, ಹಿಂಡಿನಲ್ಲಿ ಮರಿಗಳಿಗೆ ಹಾಲೂಡಿಸುವ ತಾಯಿಗಳುಂಟು, ಒಂದೇ ದಿವಸ ಮೀರಿ ಹೊಡೆದರೂ ಹಿಂಡು ಉಳಿಯಲಾರದು; ನೀನು ಮುಂದೆ ಹೋಗು, ನಾನು ಈ ಕೂಸುಗಳ ನಡಿಗೆಗೆ ಸರಿಯಾಗಿ ಮೆಲ್ಲಗೆ ಬರುತ್ತೇನೆ ಎಂಬ ಅಭಿಪ್ರಾಯದಿಂದ ಉತ್ತರಕೊಟ್ಟನು. ಯಾಕೋಬನ ಮಾತುಗಳೆಲ್ಲವೂ ಕಪಟವಿಲ್ಲದವುಗಳೆಂದು ನಾವು ಹೇಳುವುದಿಲ್ಲ. ಯಾಕಂದರೆ ಅವನು ಆಮೇಲೆ ಸೇಯೀರಿಗೆ ಹೋಗದೆ ಸುಕ್ಕೋತಿಗೆ ಹೋದನು. ಆದರೂ ಮಕ್ಕಳನ್ನು ಕುರಿತು ಅವನು ಹೇಳಿದ್ದು ಸತ್ಯವೇ. ಕುರಿ ಕಾಯ್ದವರು ಅದನ್ನು ಬಲ್ಲರು.

ಪ್ರಿಯರೇ, ಇಂದು ನಮ್ಮ ಎದುರಿಗೂ ನಾನೂರು ಮಂದಿ ಓಡುತ್ತಾರೆ. ನೆರೆಯವರು ಓಡುತ್ತಾರೆ, ನೆಂಟರು ಓಡುತ್ತಾರೆ, ಪೇಟೆಯ ಶಾಲೆಗಳ ಹಲಗೆಗಳು ನಮ್ಮನ್ನು ಓಡಿರೆನ್ನುತ್ತವೆ. ಕೂಸಿನ ಕಾಲಿನ ಅಳತೆಯನ್ನು ಕೇಳುವವರು ಯಾರು? ಅದನ್ನು ಬಲ್ಲವರು ಹೆತ್ತವರೇ.

ಈ ವಿಷಯದಲ್ಲಿ ನಾವೇ ತಪ್ಪಿತಸ್ಥರೆಂದು ಸಭೆಯ ಮುಂದೆ ಒಪ್ಪಿಕೊಳ್ಳುತ್ತೇವೆ. ನಮ್ಮ ಮಗಳಿಗೆ ನಾಲ್ಕು ವರುಷ ತುಂಬಿದಾಗ, ಉಪದೇಶಿಯ ಮಗಳು ಎಲ್ಲರಿಗಿಂತ ಮುಂದಿರಬೇಕೆಂಬ ಗರ್ವವು ನಮ್ಮೊಳಗೆ ಹೊಕ್ಕಿತು. ದಿನಾಲು ಸಾಯಂಕಾಲ ಅವಳ ಕೈಯನ್ನು ಹಿಡಿದು ಪಾಟಿಯ ಮೇಲೆ ಇಂಗ್ಲಿಷ್ ಅಕ್ಷರಗಳನ್ನು ತಿದ್ದಿಸಿದೆವು. ಗೆರೆ ಓರೆಯಾದರೆ ಬೆರಳ ಮೇಲೆ ಹೊಡೆದೆವು. ಕೆಲವು ವಾರಗಳಲ್ಲಿ ಅವಳು ಪ್ರತಿ ಬೆಳಿಗ್ಗೆ ಹೊಟ್ಟೆ ನೋಯುತ್ತದೆ ಎನ್ನತೊಡಗಿದಳು. ರಾತ್ರಿ ಹಾಸಿಗೆ ತೋಯಿಸಿದಳು. ರವಿವಾರದ ಮಕ್ಕಳ ಕೂಟದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡುತ್ತಿದ್ದವಳು ಬಾಯಿ ಮುಚ್ಚಿದಳು. ನಾವು ಅದನ್ನು ಹಟವೆಂದು ತಿಳಿದೆವು. ಆಗ ಸಭೆಯ ಹಿರಿಯ ತಾಯಿಯೊಬ್ಬರು, ಓದುಬರಹ ಕಲಿಯದವರು, ನಮ್ಮ ಜಗಲಿಯ ಮೇಲೆ ಕುಳಿತು ಒಂದೇ ಮಾತು ಕೇಳಿದರು: "ಉಪದೇಶಿಗಳ, ಹಾಲಗಾಳಿನ ತೆನಿ ಮುರದು ಬೀಸಿದ್ರ ರೊಟ್ಟಿ ಆಗತೈತೇನ್ರಿ?" ಮಾರ್ಕನ ಸುವಾರ್ತೆಯ ನಾಲ್ಕನೆಯ ಅಧ್ಯಾಯದಲ್ಲಿ ನಮ್ಮ ಕರ್ತನು ಮೊದಲು ಮೊಳಕೆ, ಆಮೇಲೆ ತೆನೆ, ಆಮೇಲೆ ಕಾಳು ಎಂದು ಕಲಿಸಿದ್ದನ್ನು ನಾವು ಎಷ್ಟೋ ಸಾರಿ ಪ್ರಸಂಗಿಸಿದ್ದೆವು, ನಮ್ಮ ಮನೆಯಲ್ಲಿ ಬೆಳೆಯುವ ಪೈರಿಗೆ ಅದು ಸಲ್ಲುತ್ತದೆಂದು ಮಾತ್ರ ತಿಳಿದಿರಲಿಲ್ಲ. ಆ ರಾತ್ರಿ ನಾವು ಪಾಟಿಯನ್ನು ಎತ್ತಿಟ್ಟು, ಕೂಸಿನ ಮುಂದೆ ನಮ್ಮ ತಪ್ಪನ್ನು ಒಪ್ಪಿಕೊಂಡೆವು.

ಹಾಗಾದರೆ ಈ ವರುಷದಲ್ಲಿ ತಂದೆತಾಯಿಗಳು ತಿಳಿಯತಕ್ಕದ್ದು ಏನು?

ಒಂದನೆಯದಾಗಿ, ಆಟವೇ ಈ ವಯಸ್ಸಿನ ಕಲಿಕೆ. ಇಂಥ ಶಾಲೆಗೆ ಹೆಸರಿಟ್ಟವನು ಜರ್ಮನಿಯ ಫ್ರೋಬೆಲ್ ಎಂಬವನು. ಅವನು 1782ರಲ್ಲಿ ಒಬ್ಬ ಲೂಥರನ್ ಸಭಾಪಾಲಕನ ಮಗನಾಗಿ ಹುಟ್ಟಿ, ವರುಷ ತುಂಬುವ ಮೊದಲೇ ತಾಯಿಯನ್ನು ಕಳಕೊಂಡನು. 1837ರಲ್ಲಿ ಬ್ಲಾಂಕೆನ್‌ಬುರ್ಗ್ ಎಂಬ ಊರಿನಲ್ಲಿ ಚಿಕ್ಕವರಿಗಾಗಿ ಶಾಲೆ ತೆರೆದು, 1840ರಲ್ಲಿ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟನು. ಅಂದರೆ ಮಕ್ಕಳ ತೋಟ. ಅವನು ಕೂಸುಗಳ ಕೈಗೆ ಮೊದಲು ಕೊಟ್ಟದ್ದು ಪುಸ್ತಕವಲ್ಲ, ಬಣ್ಣಬಣ್ಣದ ಉಣ್ಣೆಯ ಆರು ಚೆಂಡುಗಳು. ಆಮೇಲೆ ಕಟ್ಟಿಗೆಯ ಗುಂಡು, ಉರುಳೆ, ಚೌಕ. ಅದರ ಮರುವರುಷವೇ, 1841ರಲ್ಲಿ, ಬಾಸೆಲ್ ಮಿಶನಿನವರು ಬೆಟಗೇರಿಯಲ್ಲಿಯೂ ನಮ್ಮ ಮಲ್ಲಸಮುದ್ರದಲ್ಲಿಯೂ ಕೆಲಸ ಆರಂಭಿಸಿದರು. ನಮ್ಮ ಕೂಸುಗಳಿಗೆ ಉಣ್ಣೆಯ ಚೆಂಡು ಇಲ್ಲದಿದ್ದರೇನು? ಎರೆಮಣ್ಣು ಉಂಟು. ಅದರಿಂದ ಎತ್ತು, ಬಂಡಿ, ಒಲೆ ಮಾಡುವ ಕೂಸು ತನ್ನ ಬೆರಳುಗಳನ್ನು ಬರವಣಿಗೆಗೆ ಸಿದ್ಧಮಾಡುತ್ತದೆ. ಹುಣಸೆಬೀಜಗಳನ್ನು ಗುಂಪುಗುಂಪಾಗಿ ಇಡುವ ಕೂಸು ಲೆಕ್ಕವನ್ನು ಕಲಿಯುತ್ತದೆ. ಮಣಿಕಟ್ಟಿನ ಎಂಟು ಚಿಕ್ಕ ಎಲುಬುಗಳು ಹುಟ್ಟುವಾಗ ಮೆತ್ತಗಿದ್ದು, ವರುಷ ವರುಷಕ್ಕೆ ಒಂದೊಂದಾಗಿ ಗಟ್ಟಿಯಾಗುತ್ತವೆಂದು ವೈದ್ಯರು ಹೇಳುತ್ತಾರೆ. ನಾಲ್ಕು ವರುಷದಲ್ಲಿ ಆ ಕೆಲಸವು ಮುಗಿದಿರುವುದಿಲ್ಲ. ದೇವರು ಇನ್ನೂ ಕಟ್ಟುತ್ತಿರುವ ಕೈಯನ್ನು ನಾವು ಹೊಡೆಯಬಹುದೋ?

ಎರಡನೆಯದಾಗಿ, ವಯಸ್ಸನ್ನು ಸುಳ್ಳಾಗಿಸಬೇಡಿರಿ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಮೂರರಿಂದ ಆರು ವರುಷದ ವರೆಗೆ ಶಿಶುಶಿಕ್ಷಣವೆಂದೂ ಆರು ತುಂಬಿದ ಮೇಲೆ ಒಂದನೆಯ ತರಗತಿಯೆಂದೂ ಎಣಿಸಿದೆ. ನಮ್ಮ ರಾಜ್ಯದಲ್ಲಿ ಆರು ವರುಷದ ನಿಯಮವು ಅನೇಕರಿಗೆ ಕಷ್ಟವಾದದ್ದರಿಂದ, 2025-26ನೇ ಸಾಲಿಗಾಗಿ ಐದು ವರುಷ ಐದು ತಿಂಗಳು ತುಂಬಿದವರನ್ನೂ ಸೇರಿಸಿಕೊಳ್ಳಲು ಸರ್ಕಾರವು ಸಡಿಲಿಕೆ ಕೊಟ್ಟಿತು. ಆದರೆ ಒಂದು ವರುಷ ಉಳಿಸುವ ಆಶೆಯಿಂದ ಹುಟ್ಟಿದ ತಾರೀಖನ್ನೇ ತಿದ್ದಿಸುವವರಿದ್ದಾರೆ. ಅಕ್ಷರ ಕಲಿಯುವ ಮೊದಲೇ ಕೂಸಿನ ಹೆಸರಿನಲ್ಲಿ ಸುಳ್ಳನ್ನು ಬರೆಯಿಸುವುದು ಎಂಥ ಆರಂಭ!

ಮೂರನೆಯದಾಗಿ, ಬಾಗಿಲಲ್ಲಿ ಅಳುವ ಕೂಸಿನ ಕಣ್ಣು ತಪ್ಪಿಸಿ ಓಡಿಬರಬೇಡಿರಿ. ಹನ್ನಳು ಸಮುವೇಲನನ್ನು ಹಾಲು ಬಿಡಿಸುವ ವರೆಗೆ ಮನೆಯಲ್ಲಿಯೇ ಇಟ್ಟುಕೊಂಡಳು. ಗಂಡನು ಅವಳನ್ನು ಅವಸರಪಡಿಸಲಿಲ್ಲ. ತಕ್ಕ ಕಾಲ ಬಂದಾಗ ತಾನೇ ಶೀಲೋವಿಗೆ ಕರಕೊಂಡು ಹೋಗಿ ಏಲಿಯ ಕೈಗೆ ಒಪ್ಪಿಸಿದಳು. ಹಾಗೆಯೇ ನೀವೂ ಕೂಸಿನ ಮುಖ ನೋಡಿ, ಉಂಡ ಮೇಲೆ ಬರುತ್ತೇನೆಂದು ಹೇಳಿ, ಹೇಳಿದ ವೇಳೆಗೆ ತಪ್ಪದೆ ಹೋಗಿರಿ. ಮೊದಲ ವಾರಗಳ ಅಳು ದೋಷವಲ್ಲ. ಹೆಚ್ಚಿನ ಕೂಸುಗಳಲ್ಲಿ ತಾನಾಗಿ ಕಡಿಮೆಯಾಗುತ್ತದೆ. ನೀವು ಮಾತಿಗೆ ತಪ್ಪದೆ ಬರುವುದನ್ನು ಕಂಡು ಕೂಸು ನಂಬುವುದನ್ನು ಕಲಿಯುತ್ತದೆ. ಪರಲೋಕದ ತಂದೆಯನ್ನು ನಂಬುವುದಕ್ಕೂ ಅದೇ ಮೊದಲ ಪಾಠವು.

ನಾಲ್ಕನೆಯದಾಗಿ, ಹನ್ನಳು ವರುಷಕ್ಕೊಂದು ಚಿಕ್ಕ ಅಂಗಿಯನ್ನು ಹೊಲಿದು ಮಗನಿಗೆ ಒಯ್ಯುತ್ತಿದ್ದಳು. ಮಗನು ದೂರವಿದ್ದರೂ ಅವನ ಅಳತೆಯನ್ನು ಮರೆಯದ ತಾಯಿ ಅವಳು. ನಮ್ಮ ಬೆಟಗೇರಿಯ ನೇಕಾರರು ಎಂಥ ಒಳ್ಳೇ ಬಟ್ಟೆ ನೇಯ್ದರೂ, ಅಳತೆ ತಪ್ಪಿ ಹೊಲಿದ ಅಂಗಿಯು ಮೈಗೆ ಬಾರದು. ಶಾಲೆಯೂ ಹಾಗೆಯೇ. ಆದದರಿಂದ ಕೂಸಿನ ಅಳತೆಯನ್ನು ತಿಳುಕೊಳ್ಳಿರಿ. ಈ ವಯಸ್ಸಿನವರಿಗೆ ಹಗಲಿನ ನಿದ್ರೆ ಕೂಡಿ ಹತ್ತರಿಂದ ಹದಿಮೂರು ತಾಸು ನಿದ್ರೆ ಬೇಕು. ರಾತ್ರಿ ಹತ್ತರ ವರೆಗೆ ಮೊಬೈಲ್ ನೋಡಿದ ಕೂಸು ಬೆಳಿಗ್ಗೆ ಹೇಗೆ ಕಲಿತೀತು? ಕರೆದರೆ ತಿರುಗದ ಕೂಸನ್ನು ದಡ್ಡನೆನ್ನುವ ಮೊದಲು ಕಿವಿಯನ್ನು ತೋರಿಸಿರಿ, ಕಣ್ಣನ್ನೂ ಪರೀಕ್ಷೆಮಾಡಿಸಿರಿ. ಐದರಿಂದ ಆರು ವರುಷದೊಳಗೆ ಹಾಕಿಸತಕ್ಕ ಡಿಪಿಟಿ ಲಸಿಕೆಯನ್ನು ಮರೆಯಬೇಡಿರಿ. ಮನೆಯ ಮಾತಿನಲ್ಲಿ ಕಥೆ ಹೇಳಿರಿ. ನಮ್ಮ ಜವಾರಿ ಮಾತನ್ನು ಚೆನ್ನಾಗಿ ಆಡುವ ಕೂಸು ಮೂಕವಲ್ಲ. ಆ ಮಾತಿನ ಅಡಿಪಾಯದ ಮೇಲೆಯೇ ಇಂಗ್ಲಿಷಾಗಲಿ ಬೇರೆ ಯಾವ ಭಾಷೆಯಾಗಲಿ ನಿಲ್ಲತಕ್ಕದ್ದು. ಸಾಯಂಕಾಲ ಕೂಸು ಬಂದಾಗ, ಎಷ್ಟು ಅಕ್ಷರ ಬರೆದಿ ಎಂದು ಕೇಳದೆ, ಯಾರ ಕೂಡ ಆಡಿದಿ, ಯಾರು ಅತ್ತರು, ನೀನೇನು ಮಾಡಿದಿ ಎಂದು ಕೇಳಿರಿ. ಹಂಚಿಕೊಂಡು ಉಣ್ಣುವುದೂ ಸರದಿ ಕಾಯುವುದೂ ಬಿದ್ದವನನ್ನು ಎಬ್ಬಿಸುವುದೂ ಈ ವರುಷದ ದೊಡ್ಡ ಪಾಠಗಳಾಗಿವೆ.

ಐದನೆಯದಾಗಿ, ಬಡವರ ಶಾಲೆಯೆಂದು ಅಂಗನವಾಡಿಯನ್ನು ತುಚ್ಛೀಕರಿಸಬೇಡಿರಿ. 1975ನೇ ಅಕ್ಟೋಬರ್ 2ರಂದು ದೇಶದಲ್ಲಿ ಈ ಯೋಜನೆಯು ಹುಟ್ಟಿತು. ನಮ್ಮ ರಾಜ್ಯದಲ್ಲಿ ಮೈಸೂರು ಜಿಲ್ಲೆಯ ತಿರುಮಕೂಡಲು ನರಸೀಪುರದಲ್ಲಿ ಮೊದಲು ಆರಂಭವಾಯಿತು. ಆಹಾರ, ಲಸಿಕೆ, ತೂಕ ನೋಡುವುದು, ಆಟಪಾಠ ಇವೆಲ್ಲವೂ ಒಂದೇ ಸೂರಿನ ಕೆಳಗೆ ದೊರೆಯತಕ್ಕವುಗಳು. ಅಲ್ಲಿ ಕೊರತೆಯಿದ್ದರೆ ಮನೆಯಲ್ಲಿ ಕುಳಿತು ಹಳಿಯದೆ, ಹೋಗಿ ನೋಡಿರಿ, ಕಾರ್ಯಕರ್ತೆಯೊಂದಿಗೆ ಮಾತಾಡಿರಿ. ಪೇಟೆಯ ಶಾಲೆಗೇ ಕಳುಹಿಸುವದಾದರೂ ಕಟ್ಟಡವನ್ನಲ್ಲ, ಆಡುವ ಅಂಗಳವನ್ನು ನೋಡಿರಿ, ಕೂಸುಗಳು ನಗುತ್ತವೋ ಕೇಳಿರಿ, ಹೊಡೆಯುವರೋ ವಿಚಾರಿಸಿರಿ. ಚಿಕ್ಕವರಲ್ಲಿ ಒಬ್ಬರನ್ನಾದರೂ ಎಡವಿಸುವವನ ವಿಷಯದಲ್ಲಿ ಮತ್ತಾಯ 18:6ರಲ್ಲಿ ಕರ್ತನು ಹೇಳಿದ್ದನ್ನು ತಂದೆಯೂ ಶಿಕ್ಷಕನೂ ಕೂಡಿ ಓದತಕ್ಕದ್ದು.

ಆದರೆ ಒಬ್ಬ ತಂದೆಯು ಎದ್ದು, ಬಡವನ ಮಕ್ಕಳು ಮೆಲ್ಲಗೆ ನಡೆದರೆ ಎಂದಿಗೂ ಮುಟ್ಟಲಾರರು, ನಮ್ಮ ಹಿರಿಯರಿಗೆ ಅಕ್ಷರವೇ ಸಿಕ್ಕಲಿಲ್ಲ, ನಾವು ಓಡಲೇ ಬೇಕು ಎಂದಾನು. ಈ ಮಾತಿನಲ್ಲಿರುವ ನೋವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೂ ಯಾಕೋಬನು ಕುಳಿತುಬಿಡಲಿಲ್ಲವೆಂಬದನ್ನು ಗಮನಿಸಿರಿ. ಅವನು ದಿನಾಲು ನಡೆದನು, ಮಕ್ಕಳ ಮುಂದೆ ಓಡದೆ ಅವರ ಕೂಡ ನಡೆದನು. ಮೆಲ್ಲಗೆ ನಡಿಸುವುದೆಂದರೆ ಸೋಮಾರಿತನವಲ್ಲ. ದಿನಕ್ಕೊಂದು ಕಥೆ ಹೇಳುವುದೂ ಕೂಡಿ ಹಾಡುವುದೂ ಹೊಲಕ್ಕೆ ಕರಕೊಂಡು ಹೋಗಿ ಹಕ್ಕಿ, ಹುಳ, ಪೈರುಗಳ ಹೆಸರು ಕಲಿಸುವುದೂ ಬಡವನಿಗೂ ಸಾಧ್ಯ. ಫೀ ಕೊಟ್ಟು ಮನೆಯಲ್ಲಿ ಮಾತೇ ಆಡದವನಿಗಿಂತ ಆ ತಂದೆಯು ಹೆಚ್ಚು ಕೊಟ್ಟವನು. ಮೀರಿ ಹೊಡೆಯಲ್ಪಟ್ಟ ಮರಿಯು ಊರನ್ನು ಬೇಗ ಮುಟ್ಟುವುದಿಲ್ಲ, ದಾರಿಯಲ್ಲಿಯೇ ಬೀಳುತ್ತದೆ.

ನಮ್ಮ ಮಗಳ ಸಮಾಚಾರವನ್ನು ಕೇಳುವಿರೋ? ಹೊಟ್ಟೆನೋವು ಒಂದು ತಿಂಗಳಲ್ಲಿ ಬಿಟ್ಟಿತು. ಹಾಡು ತಿರಿಗಿ ಬರಲು ಹೆಚ್ಚು ದಿವಸ ಹಿಡಿಯಿತು. ಈಗ ಅವಳು ಐದನೆಯ ತರಗತಿಯಲ್ಲಿದ್ದಾಳೆ. ತರಗತಿಗೆ ಮೊದಲನೆಯವಳಲ್ಲ, ಲೆಕ್ಕದಲ್ಲಿ ಇನ್ನೂ ನಿಧಾನವೇ. ಆದರೆ ಪುಸ್ತಕವನ್ನು ಕಂಡರೆ ಹೆದರುವುದಿಲ್ಲ, ನಮ್ಮನ್ನು ಕಂಡರೂ ಹೆದರುವುದಿಲ್ಲ. ಇದು ನಮಗೆ ಸಾಕು. ನಮ್ಮ ಯೋಗ್ಯತೆಗಿಂತ ಹೆಚ್ಚೇ.

ಯೆಶಾಯನ ನಾಲ್ವತ್ತನೆಯ ಅಧ್ಯಾಯದಲ್ಲಿ ಕರ್ತನು ಮರಿಗಳನ್ನು ಎದೆಗಪ್ಪಿಕೊಳ್ಳುವ ಕುರುಬನಾಗಿ ಕಾಣುತ್ತಾನೆ. ಆತನು ನಮ್ಮನ್ನು ಎಷ್ಟು ತಾಳ್ಮೆಯಿಂದ ನಡಿಸಿದನೆಂದು ನೆನಸಿಕೊಳ್ಳೋಣ. ಎಷ್ಟು ಸಾರಿ ನಾವು ಒಂದೇ ಪಾಠವನ್ನು ಮರೆತೆವು, ಎಷ್ಟು ಸಾರಿ ಆತನು ನಿಂತು ಕಾದನು! ಈ ಮುಂಗಾರಿನಲ್ಲಿ ನಮ್ಮ ಕೂಸುಗಳ ಚಿಕ್ಕ ಕೈಯನ್ನು ಹಿಡಿದು ಹೊಸ್ತಿಲು ದಾಟಿಸುವಾಗ, ಆ ತಾಳ್ಮೆಯಲ್ಲಿ ಒಂದು ಪಾಲು ಕರ್ತನು ನಮ್ಮೆಲ್ಲರಿಗೂ ಅನುಗ್ರಹಿಸಲಿ. ಆಮೆನ್.