ನಿಷೇಧವೂ ಸಹನೆಯೂ

ತನ್ನ ಧರ್ಮವು ಒಪ್ಪದಿರುವ ಬಾಳನ್ನು ನೆರೆಯವನು ಬಾಳುತ್ತಿದ್ದರೆ ಶ್ರದ್ಧಾವಂತನಾದ ಗೃಹಸ್ಥನು ಏನು ಮಾಡತಕ್ಕದ್ದು? ಈ ಪ್ರಶ್ನೆಯು ಹೊಸದಲ್ಲ. ಮಾಂಸಾಹಾರಿಯ ನೆರೆಯಲ್ಲಿ ಶಾಕಾಹಾರಿಯೂ, ಮೂರ್ತಿಪೂಜಕನ ನೆರೆಯಲ್ಲಿ ಮೂರ್ತಿಯನ್ನು ಒಪ್ಪದವನೂ ಒಂದೇ ಓಣಿಯಲ್ಲಿ ಬಾಳಿಕೊಂಡು ಬಂದ ನಾಡು ಇದು. ಆದರೆ ಇಂದು ಅದೇ ಪ್ರಶ್ನೆಯು ಬೇರೊಂದು ರೂಪದಿಂದ ಮನೆಬಾಗಿಲಿಗೆ ಬಂದು ನಿಂತಿದೆ. ಪುರುಷನು ಪುರುಷನನ್ನು, ಸ್ತ್ರೀಯು ಸ್ತ್ರೀಯನ್ನು ಪ್ರೀತಿಸಿ, ಜೀವಮಾನವಿಡೀ ಒಂದೇ ಸೂರಿನ ಕೆಳಗೆ ಇರುವೆವೆಂದರೆ, ಅದನ್ನು ದೋಷವೆಂದು ಎಣಿಸುವ ಆಸ್ತಿಕನು ಸರಕಾರದ ದಾಖಲೆಯಲ್ಲಿ ಅವರ ವಿವಾಹವು ನೋಂದಾಗುವದನ್ನು ಸಹಿಸಬಹುದೇ? ಸಹಿಸಿದರೆ ಅವನ ಶ್ರದ್ಧೆಗೆ ಊನ ಬರುವದೇ?

ಮೊದಲು ನಿಷೇಧದ ಪಕ್ಷವನ್ನು ನ್ಯಾಯವಾಗಿ ಕೇಳತಕ್ಕದ್ದು. ವೈದಿಕ ಸಂಪ್ರದಾಯದಲ್ಲಿ ವಿವಾಹವೆಂಬುದು ಇಬ್ಬರು ತಮ್ಮ ಸುಖದ ಸಲುವಾಗಿ ಮಾಡಿಕೊಂಡ ಕರಾರಲ್ಲ, ಅದು ಸಂಸ್ಕಾರ. ದೇವಋಣ, ಋಷಿಋಣ, ಪಿತೃಋಣಗಳೆಂಬ ಮೂರು ಋಣಗಳಲ್ಲಿ ಪಿತೃಋಣವು ಸಂತಾನದಿಂದ ತೀರುವದೆಂದು ಹಿರಿಯರ ನಂಬುಗೆ. ಮನುಸ್ಮೃತಿಯ ಹನ್ನೊಂದನೆಯ ಅಧ್ಯಾಯವು ಪುರುಷನು ಪುರುಷನೊಡನೆ ಕೂಡುವದನ್ನು ಜಾತಿಭ್ರಂಶಕರವಾದ ದೋಷಗಳಲ್ಲಿ ಎಣಿಸಿದೆ. ಕ್ರೈಸ್ತರ ಬೈಬಲ್ಲಿನಲ್ಲಿಯೂ ಮುಸಲ್ಮಾನರ ಶಾಸ್ತ್ರಪರಂಪರೆಯಲ್ಲಿಯೂ ನಿಷೇಧದ ದನಿ ಇನ್ನೂ ಗಟ್ಟಿಯಾಗಿದೆ. ಇವುಗಳನ್ನು ನಂಬಿ ನಡೆಯುವವನನ್ನು ದ್ವೇಷಿಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವದು ಸಲ್ಲದು. ಅವನು ತಂದೆತಾಯಿಗಳಿಂದ ಪಡೆದುದನ್ನು ಕಾಯ್ದುಕೊಳ್ಳುತ್ತಿದ್ದಾನೆ.

ಆದರೆ ನಿಷೇಧಕ್ಕೂ ಒಂದು ಅಳತೆಯುಂಟು. ಅದೇ ಹನ್ನೊಂದನೆಯ ಅಧ್ಯಾಯವು ಈ ದೋಷಕ್ಕೆ ವಿಧಿಸಿದ ಪ್ರಾಯಶ್ಚಿತ್ತವು ಉಟ್ಟ ಬಟ್ಟೆಯೊಡನೆ ಮಾಡುವ ಸ್ನಾನ. ಹಗಲುಹೊತ್ತಿನಲ್ಲಿ ಅಥವಾ ಎತ್ತಿನ ಬಂಡಿಯಲ್ಲಿ ಸ್ತ್ರೀಸಂಗ ಮಾಡಿದವನಿಗೂ ಅದೇ ಶ್ಲೋಕದಲ್ಲಿ ಅದೇ ಸ್ನಾನವನ್ನು ಹೇಳಿದೆ. ಇದನ್ನು ಆಜೀವ ಸೆರೆವಾಸಕ್ಕೆ ಯೋಗ್ಯವಾದ ಅಪರಾಧವನ್ನಾಗಿ ಮಾಡಿದುದು ಆಂಗ್ಲರು 1860ರಲ್ಲಿ ರಚಿಸಿದ ದಂಡಸಂಹಿತೆಯ 377ನೆಯ ಕಲಮು. ಹೊಳೆಯ ಸ್ನಾನಕ್ಕೂ ಕಾರಾಗೃಹದ ಕಂಬಿಗೂ ಇರುವ ಅಂತರವನ್ನು ಮರೆತು, ಪರರು ತಂದ ಶಿಕ್ಷೆಯನ್ನೇ ಸನಾತನವೆಂದು ಸಮರ್ಥಿಸುವವರು ತಮ್ಮ ಮನೆಯ ಶಾಸ್ತ್ರವನ್ನು ಇನ್ನೊಮ್ಮೆ ತೆಗೆದು ನೋಡುವದು ಲೇಸು.

ಆ ಕಲಮಿನ ಕಥೆಯು ಈಗ ಮುಗಿದಿದೆ. ವಯಸ್ಕರು ಪರಸ್ಪರ ಒಪ್ಪಿಗೆಯಿಂದ ಖಾಸಗಿಯಾಗಿ ನಡೆದುಕೊಳ್ಳುವದು ಅಪರಾಧವಲ್ಲವೆಂದು ಸರ್ವೋಚ್ಚ ನ್ಯಾಯಾಲಯವು 2018ರ ಸೆಪ್ಟೆಂಬರ 6ರಂದು ತೀರ್ಪಿತ್ತಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಕಲಮು ಇಲ್ಲ. ಆದರೆ ವಿವಾಹದ ಮಾತು ಬೇರೆ. 2023ರ ಅಕ್ಟೋಬರ 17ರಂದು ಅದೇ ನ್ಯಾಯಾಲಯದ ಐವರು ನ್ಯಾಯಮೂರ್ತಿಗಳ ಪೀಠವು ಸಲಿಂಗ ವಿವಾಹಕ್ಕೆ ಮಾನ್ಯತೆ ಕೊಡುವದು ಶಾಸನಸಭೆಯ ಕೆಲಸವೆಂದು ಹೇಳಿತು. ಪುನರ್ವಿಮರ್ಶೆಯ ಅರ್ಜಿಗಳನ್ನು 2025ರ ಜನವರಿಯಲ್ಲಿ ತಳ್ಳಿಹಾಕಲಾಯಿತು. ಈ ನಡುವೆ 2024ರಲ್ಲಿ ಕೇಂದ್ರ ಸರಕಾರವು, ಇಂಥ ಜೋಡಿಯವರನ್ನು ಪಡಿತರ ಚೀಟಿಯ ಸಲುವಾಗಿ ಒಂದೇ ಕುಟುಂಬದವರೆಂದು ಎಣಿಸಬೇಕೆಂದೂ, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು ಅವರಿಗೆ ಅಡ್ಡಿಯಿಲ್ಲವೆಂದೂ ತಿಳಿಯಪಡಿಸಿತು. ಅಂದರೆ ಒಲೆಯು ಒಂದೆಂದು ಒಪ್ಪಿದಂತಾಯಿತು. ಆ ಒಲೆಯ ಸುತ್ತಲಿನ ಸಂಬಂಧಕ್ಕೆ ಮಾತ್ರ ಇನ್ನೂ ಹೆಸರಿಲ್ಲ.

ಉತ್ತೂರ, ಗಡಹಿಂಗ್ಲಜ ಭಾಗದ ಜನರಿಗೆ ಈ ಬಗೆಯ ಇಬ್ಬಗೆಯು ಅಪರಿಚಿತವಲ್ಲ. ಕನ್ನಡ-ಮರಾಠಿಗಳೆರಡನ್ನೂ ಆಡುವ ಈ ಸೀಮೆಯ ಮಂದಿ ತಲೆತಲಾಂತರದಿಂದ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗುತ್ತ ಬಂದಿದ್ದಾರೆ. ಭಂಡಾರವನ್ನು ಹಣೆಗೆ ಹಚ್ಚಿಕೊಂಡು ಉಧೋ ಉಧೋ ಎಂದು ಕೂಗುವ ಆ ಜನಸ್ತೋಮದಲ್ಲಿ ಗಂಡಾಗಿ ಹುಟ್ಟಿ ಸೀರೆಯುಟ್ಟ ಜೋಗಪ್ಪನು ಚೌಡಿಕೆ ನುಡಿಸುತ್ತಾನೆ. ಅವನು ಮುತ್ತು ಕಟ್ಟಿಸಿಕೊಂಡು ದೇವಿಗೆ ಸೇರಿದವನು. ಪಡಲಗಿ ಹೊತ್ತು ಬಾಗಿಲಿಗೆ ಬಂದಾಗ ಮನೆಯ ಮುತ್ತೈದೆಯರು ಜೋಳ ನೀಡಿ ಅವನ ಪಾದ ಮುಟ್ಟುತ್ತಾರೆ. ಜೋಗಪ್ಪನ ಸ್ಥಿತಿಯೂ ಸಲಿಂಗ ಪ್ರೇಮವೂ ಒಂದೇ ಅಲ್ಲ. ಮೊದಲನೆಯದು ತಾನು ಯಾರೆಂಬುದರ ಮಾತು, ಎರಡನೆಯದು ತಾನು ಯಾರನ್ನು ಪ್ರೀತಿಸುವೆನೆಂಬುದರ ಮಾತು. ಆದರೂ ಗಂಡು-ಹೆಣ್ಣೆಂಬ ಎರಡೇ ಕೋಣೆಗಳಲ್ಲಿ ಹಿಡಿಯದ ಜೀವಕ್ಕೆ ದೇವಿಯ ಅಂಗಳದಲ್ಲಿ ಸ್ಥಳವಿತ್ತೆಂಬುದನ್ನು ಈ ಸೀಮೆಯ ಭಕ್ತನು ಅಲ್ಲಗಳೆಯಲಾರನು.

ಇಷ್ಟು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುವದು ಮಾತ್ರ ಸತ್ಯಕ್ಕೆ ದ್ರೋಹವಾದೀತು. ಹೊಸ್ತಿಲಲ್ಲಿ ಪಾದ ಮುಟ್ಟುವ ಕೈ ಅದೇ ಜೋಗಪ್ಪನಿಗೆ ಬಾಡಿಗೆಗೆ ಒಂದು ಕೋಣೆಯನ್ನು ಕೊಡಲು ಹಿಂಜರಿಯುತ್ತದೆ. ದೇವಿಗೆ ಬಿಡುವ ಪದ್ಧತಿಯ ನೆರಳಿನಲ್ಲಿ ಎಷ್ಟೋ ಬಡ ಹೆಣ್ಣುಮಕ್ಕಳ ಬಾಳು ಹಾಳಾಯಿತು. ಅದರ ವಿರುದ್ಧ 1975ರಲ್ಲಿ ಗಡಹಿಂಗ್ಲಜದಲ್ಲಿಯೇ ದೇವದಾಸಿಯರ ಪರಿಷತ್ತು ಕೂಡಿತು; ಕರ್ನಾಟಕವು 1982ರಲ್ಲಿ ನಿಷೇಧದ ಕಾಯದೆಯನ್ನು ಮಾಡಿತು. ಇದೇ ಭಾಗದ ಮರಾಠಿ ಕಾದಂಬರಿಕಾರ ರಾಜನ್ ಗವಸ ಅವರ ‘ಚೌಂಡಕ’, ‘ಭಂಡಾರಭೋಗ’ಗಳೂ, ಅವುಗಳನ್ನು ಆಧರಿಸಿ 2009ರಲ್ಲಿ ಬಂದ ‘ಜೋಗವಾ’ ಚಿತ್ರವೂ ಒತ್ತಾಯದ ಭಕ್ತಿಯು ಎಂಥ ನೋವೆಂಬುದನ್ನು ತೋರಿಸಿವೆ. ಇನ್ನೊಂದು ಕಡೆ, ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದು ಗೌರವಕ್ಕೆ ಪಾತ್ರರಾದರು. ಪೂಜೆ ಮಾಡಿ ದೂರವಿಡುವದು ಸಹನೆಯಲ್ಲ, ಅಂಜಿಕೆ. ಮನುಷ್ಯನು ಮನುಷ್ಯನಿಗೆ ಕೊಡಬೇಕಾದುದು ಬಾಳಲು ಬೇಕಾದ ಎಡೆ.

ಹಾಗಾದರೆ ವಿವಾಹದ ಎಡೆಯನ್ನು ಕೊಡಬಹುದೇ? ಇಲ್ಲಿ ವಿವಾಹವೆಂಬ ಒಂದೇ ಶಬ್ದದೊಳಗೆ ಎರಡು ವಸ್ತುಗಳು ಅಡಗಿವೆಯೆಂಬುದನ್ನು ನೆನೆಯತಕ್ಕದ್ದು. ಅಗ್ನಿಸಾಕ್ಷಿಯಾಗಿ ಸಪ್ತಪದಿ ತುಳಿಯುವದು ಸಂಸ್ಕಾರ. ಅದರ ಒಡೆತನವು ಧರ್ಮದ್ದು. ಅಧಿಕಾರಿಯ ಎದುರಿಗೆ ಸಾಕ್ಷಿದಾರರೊಡನೆ ಸಹಿ ಮಾಡುವದು ದಾಖಲೆ. ಅದರ ಒಡೆತನವು ರಾಜ್ಯದ್ದು. 1954ರ ವಿಶೇಷ ವಿವಾಹ ಕಾಯದೆಯ ಪ್ರಕಾರ ಈ ಎರಡನೆಯ ದಾರಿಯಿಂದ ಆದ ಪುರೋಹಿತನಿಲ್ಲದ ವಿವಾಹವು ದೇಶದಲ್ಲಿ ಸಿಂಧುವಾಗಿದೆ. ಅದರಿಂದ ಸಪ್ತಪದಿಯ ಪಾವಿತ್ರ್ಯಕ್ಕೆ ಕುಂದು ಬಂದುದನ್ನು ಯಾರೂ ಕಂಡಿಲ್ಲ.

ದಾಖಲೆಯೆಂದರೆ ಬರಿಯ ಕಾಗದವಲ್ಲ. ಹಿರಣ್ಯಕೇಶಿಯ ದಂಡೆಯ ಒಂದು ಹಳ್ಳಿಯನ್ನು ಕಲ್ಪಿಸಿಕೊಳ್ಳಬಹುದು. ಇಬ್ಬರು ಹೆಂಗಸರು ಮೂವತ್ತು ವರ್ಷ ಕೂಡಿ ದುಡಿದು ಒಂದು ಎಕರೆ ಕಬ್ಬಿನ ಭೂಮಿಯನ್ನೂ ಒಂದು ಹೆಂಚಿನ ಮನೆಯನ್ನೂ ಮಾಡಿಕೊಂಡಿದ್ದಾರೆ. ಸಾತಬಾರಾ ಉತಾರದಲ್ಲಿರುವದು ಒಬ್ಬಳ ಹೆಸರು. ಆಕೆ ಮೃತ್ಯುಪತ್ರ ಬರೆಯಿಸದೆ ತೀರಿಕೊಳ್ಳುತ್ತಾಳೆ. ಕಡೆಯ ಕಾಹಿಲೆಯಲ್ಲಿ ಹಾಸಿಗೆ ಬದಲಿಸಿದವಳು, ಗಂಜಿ ಕುಡಿಸಿದವಳು ಇನ್ನೊಬ್ಬಳು; ವಾರಸದಾರನೆಂದು ಬಂದು ನಿಲ್ಲುವವನು ಮುಖ ತೋರಿಸದಿದ್ದ ದೂರದ ನೆಂಟ. ವಾರಸಾ ನೋಂದು ಬರೆಯುವವನಿಗೆ ಪ್ರೀತಿಯ ಸಾಕ್ಷಿಯನ್ನು ತೆಗೆದುಕೊಳ್ಳುವ ಅಧಿಕಾರವಿಲ್ಲ. ಕಾಯದೆಯು ಹೆಸರಿಸಿದ ಸಂಬಂಧವನ್ನಷ್ಟೇ ಅವನು ಬರೆಯಬಲ್ಲನು. ಲೇಖಣಿಯ ಒಂದು ಗೆರೆಯಿಂದ ಆ ಮುದುಕಿಯು ಬೀದಿಗೆ ಬೀಳುತ್ತಾಳೆ. ಆಸ್ತಿಕನು ತನ್ನನ್ನು ತಾನು ಕೇಳಿಕೊಳ್ಳಲಿ: ಆಕೆಯ ಹೆಸರು ಉತಾರದಲ್ಲಿ ಬಂದಿದ್ದರೆ ಧರ್ಮವು ಏನನ್ನು ಕಳೆದುಕೊಳ್ಳುತ್ತಿತ್ತು? ಆಕೆ ಬೀದಿಗೆ ಬಿದ್ದುದರಿಂದ ಧರ್ಮವು ಏನನ್ನು ಗಳಿಸಿತು?

ಇದಕ್ಕೆ ಎದುರಾಗಿ ಒಂದು ಬಲವಾದ ಆಕ್ಷೇಪಣೆಯುಂಟು. ಕಾಯದೆಯೂ ಒಬ್ಬ ಗುರು. ಅದು ಒಪ್ಪಿದುದನ್ನು ಮಕ್ಕಳು ಸರಿಯೆಂದೇ ಕಲಿಯುವರು. ಇಂದು ಸಹಿಸೆಂದವರು ನಾಳೆ ಪುರೋಹಿತನಿಗೆ ಮಂತ್ರ ಹೇಳೆನ್ನುವರು ಎಂಬ ಭಯ. ಇದು ಅವಿಚಾರದ ಭಯವಲ್ಲ. ಆದರೆ ಕಾಯದೆ ಒಪ್ಪಿದುದೆಲ್ಲವನ್ನೂ ಧರ್ಮವು ಒಪ್ಪಬೇಕಾಗಿಲ್ಲವೆಂಬುದಕ್ಕೆ ನಿದರ್ಶನಗಳಿವೆ. ಕೆಥೋಲಿಕರೇ ಬಹುಸಂಖ್ಯಾತರಾದ ಐರ್ಲೆಂಡ ದೇಶದಲ್ಲಿ 2015ರ ಮೇ 22ರಂದು ಜನಮತ ತೆಗೆದುಕೊಂಡಾಗ ನೂರಕ್ಕೆ 62 ಮತಗಳು ಸಲಿಂಗ ವಿವಾಹದ ಕಾಯದೆಯ ಪರವಾಗಿ ಬಿದ್ದವು; ಅಲ್ಲಿಯ ಚರ್ಚು ಇಂದಿಗೂ ತನ್ನ ವೇದಿಕೆಯಲ್ಲಿ ಅಂಥ ವಿವಾಹವನ್ನು ನಡೆಯಿಸುವದಿಲ್ಲ. ಅಮೇರಿಕೆಯಲ್ಲಿ ಮಾರ್ಮನ್ ಪಂಥದವರು ತಮ್ಮ ನಿಷೇಧವನ್ನು ಬಿಡದೆ, ಧಾರ್ಮಿಕ ಸ್ವಾತಂತ್ರ್ಯಕ್ಕೆ ರಕ್ಷಣೆಯಿದೆಯೆಂಬ ಕಾರಣದಿಂದ 2022ರಲ್ಲಿ ಅಂಥ ವಿವಾಹಗಳ ಮಾನ್ಯತೆಯ ಮಸೂದೆಗೆ ಬೆಂಬಲ ಕೊಟ್ಟರು. ಅಷ್ಟು ದೂರ ಏಕೆ? ಕೊಲ್ಲಾಪುರದ ರಾಜರ್ಷಿ ಶಾಹೂ ಛತ್ರಪತಿಗಳು 1917ರಲ್ಲಿ ವಿಧವಾ ಪುನರ್ವಿವಾಹಕ್ಕೆ ಕಾಯದೆಯ ಬಲ ಕೊಟ್ಟಾಗ ಅದನ್ನು ಅಧರ್ಮವೆಂದ ಮನೆತನಗಳು ಕಡಿಮೆಯಿರಲಿಲ್ಲ. ಒಪ್ಪದವರು ತಮ್ಮ ಮನೆಯಲ್ಲಿ ಮಾಡಲಿಲ್ಲ. ಮಾಡಿಕೊಂಡವರ ಬಾಳು ಉಳಿಯಿತು. ಈ ಹೋಲಿಕೆಯಿಂದ ಸಲಿಂಗ ವಿವಾಹವು ಸರಿಯೆಂದು ಸಿದ್ಧವಾಗುವದಿಲ್ಲ. ಒಪ್ಪದೆಯೂ ಸಹಿಸಬಹುದೆಂಬುದಷ್ಟೇ ಸಿದ್ಧವಾಗುತ್ತದೆ.

ಸಹನೆಗೆ ಅರ್ಥ ಬರುವದೂ ಒಪ್ಪಿಗೆಯಿಲ್ಲದಲ್ಲಿಯೇ. ತನಗೆ ಪ್ರಿಯವಾದುದನ್ನು ಯಾರೂ ಸಹಿಸಬೇಕಾಗಿಲ್ಲ. ಯಾವದಾದರೇನು ಎನ್ನುವವನದು ಸಹನೆಯಲ್ಲ, ಔದಾಸೀನ್ಯ. ದೋಷವೆಂದು ನಂಬಿಯೂ ದಂಡವನ್ನು ಕೈಗೆ ತೆಗೆದುಕೊಳ್ಳದಿರುವವನೇ ನಿಜವಾದ ಸಹನಶೀಲನು. ಸಹಿಸಲ್ಪಡುವವರಿಗೆ ಇಷ್ಟು ಸಾಲದೆಂಬುದೂ ನಿಜ. ‘ನಿನ್ನನ್ನು ಒಪ್ಪೆನು, ಆದರೆ ತಡೆಯೆನು’ ಎಂಬ ಮಾತು ಕೇಳುವ ಕಿವಿಗೆ ಹಿತವಲ್ಲ. ಆದರೆ ಶ್ರದ್ಧೆಯನ್ನು ಬಿಡಲಾರದವನು ಪ್ರಾಮಾಣಿಕವಾಗಿ ಇಡಬಲ್ಲ ಮೊದಲ ಹೆಜ್ಜೆ ಅದು.

ಇನ್ನು ನಿಷೇಧದ ಹೆಸರಿನಲ್ಲಿ ನಡೆಯುವ ಒಂದು ಅಧರ್ಮವನ್ನು ಹೇಳದೆ ಬಿಡಲಾಗದು. ಮಗನ ಮನಸ್ಸು ಸ್ತ್ರೀಯರ ಕಡೆಗೆ ಒಲಿಯದೆಂದು ತಿಳಿದೂ, ಮದುವೆಯಾದರೆ ಸರಿಹೋದಾನೆಂದು ಹೆಣ್ಣು ತರುವ ತಂದೆತಾಯಿಗಳಿದ್ದಾರೆ. ಅಲ್ಲಿ ಅಗ್ನಿಯೂ ಇದೆ, ಮಂತ್ರವೂ ಇದೆ, ಊರ ಊಟವೂ ಇದೆ. ಸತ್ಯ ಮಾತ್ರ ಇಲ್ಲ. ಏನೂ ಅರಿಯದ ಆ ಹುಡುಗಿಯು ವರುಷಗಟ್ಟಲೆ ತನ್ನಲ್ಲಿಯೇ ಏನೋ ಕೊರತೆಯಿದೆಯೆಂದು ಕೊರಗುತ್ತಾಳೆ. ಸುಳ್ಳಿನ ಮೇಲೆ ನಿಲ್ಲಿಸಿದ ಈ ಸಪ್ತಪದಿಗಿಂತ, ಇಬ್ಬರು ಬಚ್ಚಿಡದೆ ಮಾಡಿದ ಸಹಿಯಲ್ಲಿ ಧರ್ಮದ ಅಂಶವು ಕಡಿಮೆಯಿದೆಯೆಂದು ಹೇಳುವ ಧೈರ್ಯವು ಯಾರಿಗಿದೆ?

ಶರಣರು ಭಕ್ತನನ್ನು ಸತಿಯೆಂದೂ ಲಿಂಗವನ್ನು ಪತಿಯೆಂದೂ ಭಾವಿಸಿದರು. ಗಡ್ಡಮೀಸೆಗಳ ಭಕ್ತನೂ ಆ ಭಾವದಲ್ಲಿ ಸತಿಯೇ. ಆತ್ಮಕ್ಕೆ ಗಂಡು-ಹೆಣ್ಣೆಂಬ ಗುರುತಿಲ್ಲವೆಂದು ಜೇಡರ ದಾಸಿಮಯ್ಯನು ಸಾರಿದನು. ಇದು ಸಲಿಂಗ ವಿವಾಹದ ಸಮರ್ಥನೆಯೆಂದು ತಿಳಿಯಬಾರದು. ಅವರ ಗುರಿ ಬೇರೆಯಿತ್ತು. ಆದರೆ ದೇಹದ ಗುರುತನ್ನೇ ಕಡೆಯ ಮಾತೆಂದು ಹಿಡಿದು ಜೀವವನ್ನು ತಿರಸ್ಕರಿಸುವವನು ಆ ಪರಂಪರೆಯ ಹೆಸರನ್ನು ಹೇಳುವ ಮೊದಲು ಒಂದು ಗಳಿಗೆ ತಡೆಯಬೇಕಾಗುವದು.

ಜೀರ್ಣೋದ್ಧಾರದ ಕೆಲಸದಲ್ಲಿ ಗರ್ಭಗುಡಿಯ ಮೂರ್ತಿಯನ್ನು ಯಾರೂ ಕೆತ್ತಿ ಬದಲಿಸುವದಿಲ್ಲ. ಸೋರುವ ಮಾಳಿಗೆಯನ್ನು ಸರಿಪಡಿಸಿ, ಮಳೆಯಲ್ಲಿ ಬಂದವರು ನಿಲ್ಲುವಂತೆ ಪೌಳಿಯನ್ನು ಅಗಲ ಮಾಡುತ್ತಾರೆ. ಸಂಸ್ಕಾರವು ಹೇಗಿರಬೇಕೆಂಬುದನ್ನು ಆಯಾ ಸಂಪ್ರದಾಯದವರು ನಿಶ್ಚಯಿಸಿಕೊಳ್ಳಲಿ. ಪೌಳಿಯಲ್ಲಿ ನಿಂತವರ ಕುಲ, ಒಲವು, ಉಡುಗೆಗಳನ್ನು ವಿಚಾರಿಸುವ ಕೆಲಸವನ್ನು ದೇವರು ಯಾರಿಗೂ ವಹಿಸಿಕೊಟ್ಟಿಲ್ಲ. ಇಬ್ಬರು ಕೂಡಿ ಬಂದು ಎರಡು ಹೆಸರು ಹೇಳಿ ಒಂದು ಕಾಯಿ ಒಡೆಯಿಸಿದರೆ, ಅರ್ಚಕನು ಎರಡನ್ನೂ ಉಚ್ಚರಿಸಿ ತೀರ್ಥ ಕೊಡಲಿ. ಅವರ ಲೆಕ್ಕವನ್ನು ನೋಡುವವನು ಒಳಗಿದ್ದಾನೆ. ಆತನು ಎಲ್ಲರಿಗೂ ಸದ್ಬುದ್ಧಿಯನ್ನೂ, ಒಪ್ಪದವರಿಗೆ ಸಹನೆಯನ್ನೂ, ನೊಂದವರಿಗೆ ನೆರಳನ್ನೂ ಕರುಣಿಸಲಿ.