ಹನಿ ಹನಿ ಕೂಡಿದರೆ ಹಳ್ಳ: ಚರ್ಚು ಕಟ್ಟುವ ಸಭೆಗೆ ಒಂದು ಗಾದೆಯ ವ್ಯಾಖ್ಯಾನ

‘ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ’ ಎಂಬ ಗಾದೆಯನ್ನು ಸಾಮಾನ್ಯವಾಗಿ ಉಳಿತಾಯದ ನೀತಿಯಾಗಿ ಓದಲಾಗುತ್ತದೆಯಾದರೂ, ಹಲವರು ಸೇರಿ ಕಟ್ಟುವ ಕೆಲಸಕ್ಕೆ, ಅದರಲ್ಲೂ ಒಂದು ಕ್ರೈಸ್ತ ಸಭೆ ತನ್ನ ಆರಾಧನೆಗಾಗಿ ಕಟ್ಟಿಕೊಳ್ಳುವ ಚರ್ಚಿಗೆ, ಅದನ್ನು ಅನ್ವಯಿಸಿದಾಗ ಅದರ ಎರಡು ಭಾಗಗಳೂ ಬೇರೆ ಬೇರೆ ಮಾತು ಹೇಳುತ್ತವೆ. ಹಳ್ಳವೆಂದರೆ ಮಳೆಯ ನೀರು ತಗ್ಗು ಹುಡುಕಿಕೊಂಡು ಹರಿದು ಆಗುವ ಸಣ್ಣ ತೊರೆ. ಬಳ್ಳವೆಂದರೆ ಕಾಳು ಅಳೆಯುವ ಹಳೆಯ ಮಾಪು, ನಾಲ್ಕು ಬಳ್ಳ ಸೇರಿದರೆ ಒಂದು ಕೊಳಗ. ಹನಿಗಳು ಇಳಿಜಾರಿದ್ದರೆ ತಾವಾಗಿಯೇ ಕೂಡುತ್ತವೆ. ತೆನೆಗಳು ಹಾಗೆ ಕೂಡುವುದಿಲ್ಲ, ಅವುಗಳನ್ನು ಕೊಯ್ಯಬೇಕು, ಕಣಕ್ಕೆ ಹೊರಬೇಕು, ಬಡಿದು ತೂರಿ ಕಾಳು ಮಾಡಬೇಕು, ಕೊನೆಗೆ ಎಲ್ಲರ ಕಣ್ಣೆದುರಿಗೆ ಅಳೆಯಬೇಕು. ಗಾದೆಯ ಮೊದಲ ಭಾಗ ಸಣ್ಣದರ ಮೇಲೆ ಭರವಸೆ ಇಡಲು ಕಲಿಸಿದರೆ, ಎರಡನೆಯ ಭಾಗ ಆ ಭರವಸೆಗೆ ಬೇಕಾದ ದುಡಿಮೆಯನ್ನು ನೆನಪಿಸುತ್ತದೆ. ಸಭೆಯ ಕಾಣಿಕೆ ಈ ಎರಡನೆಯ ಬಗೆಗೆ ಸೇರಿದ್ದು, ಏಕೆಂದರೆ ಮನೆಮನೆಯ ಬಾಗಿಲಿಗೆ ಯಾರಾದರೂ ನಡೆದುಹೋಗದ ಹೊರತು ಆ ಹಣ ಒಂದೆಡೆ ಕೂಡುವುದೇ ಇಲ್ಲ.

ಬೀದರ, ಭಾಲ್ಕಿ, ಔರಾದ ಸೀಮೆಯಲ್ಲಿ ಈ ಮಾತಿಗೆ ವಿಶೇಷ ತೂಕವಿದೆ. 1948ರವರೆಗೆ ನಿಜಾಮರ ಆಡಳಿತದಲ್ಲಿದ್ದು 1956ರಲ್ಲಿ ಮೈಸೂರು ರಾಜ್ಯವನ್ನು ಸೇರಿದ ಈ ಭಾಗದ ಹಳೆಯ ಪ್ರೊಟೆಸ್ಟಂಟ್ ಸಭೆಗಳು ಹೆಚ್ಚಾಗಿ ಮೆಥೋಡಿಸ್ಟ್ ಪರಂಪರೆಗೆ ಸೇರಿದವು. ಬೀದರ ನಗರದ ಮಂಗಲಪೇಟೆ ಇಂದಿಗೂ ಆ ಪರಂಪರೆಯ ಕೇಂದ್ರವಾಗಿ ಉಳಿದಿದೆ. ಕಥೋಲಿಕ ಸಭೆಗಳಾದರೆ 2005ರಲ್ಲಿ ಸ್ಥಾಪನೆಯಾದ ಗುಲಬರ್ಗಾ ಧರ್ಮಪ್ರಾಂತ್ಯದ, ಅಂದರೆ ಒಬ್ಬ ಬಿಷಪ್ಪರ ಮೇಲ್ವಿಚಾರಣೆಗೆ ಒಳಪಟ್ಟ ಸೀಮೆಯ, ವ್ಯಾಪ್ತಿಯಲ್ಲಿವೆ. ಹಳ್ಳಿಗಳಲ್ಲಿ ಸಭೆ ಸೇರಿದವರಲ್ಲಿ ಹೆಚ್ಚಿನವರು ದಲಿತ ಸಮುದಾಯಗಳಿಂದ ಬಂದವರು, ಭೂಮಿ ಇಲ್ಲದವರು ಅಥವಾ ತುಂಡು ಹೊಲದವರು, ಕೂಲಿಗಾಗಿ ಹೈದರಾಬಾದು, ಪುಣೆ, ಮುಂಬಯಿಗಳಿಗೆ ಹೋಗಿ ಬರುವವರು. ಔರಾದ ತಾಲೂಕಿನ ಗಡಿಯಂಚಿನ ಎಕಂಬಾದಂಥ ಊರುಗಳಲ್ಲಿ ಬೇಸಾಯ ಬಹುಪಾಲು ಮಳೆಯನ್ನೇ ನಂಬಿರುವುದರಿಂದ, ಹೆಸರು ಉದ್ದು ಬಂದಾಗ ಒಂದಿಷ್ಟು, ಸೋಯಾ ಬಂದಾಗ ಇನ್ನೊಂದಿಷ್ಟು, ತೊಗರಿ ರಾಶಿಯಾದಾಗ ಮತ್ತೊಂದಿಷ್ಟು ಎಂಬಂತೆ ಹಣ ಕೈಗೆ ಬರುತ್ತದೆಯೇ ಹೊರತು, ತಿಂಗಳಿಗೊಮ್ಮೆ ತಪ್ಪದೆ ಬರುವ ಆದಾಯ ಕೆಲವೇ ಮನೆಗಳಲ್ಲಿ ಕಾಣಸಿಗುತ್ತದೆ. ಇಂಥ ಜನ ಗೋಡೆ ಎಬ್ಬಿಸಿ ಸ್ಲ್ಯಾಬ್ ಹಾಕಿಸಲು ಹೊರಟಾಗ ಅವರ ಕೈಯಲ್ಲಿರುವುದು ಹನಿಗಳೇ. ಆ ಹನಿಗಳನ್ನು ಕೂಡಿಸುವ ಕ್ರಮ ಯಾವುದು ಎಂಬುದರ ಮೇಲೆ ಕಟ್ಟಡದ ಭವಿಷ್ಯವೂ ಸಭೆಯ ಭವಿಷ್ಯವೂ ನಿಂತಿರುತ್ತದೆ.

ಮೆಥೋಡಿಸ್ಟ್ ಪರಂಪರೆಯ ಮೂಲದಲ್ಲಿಯೇ ಇದಕ್ಕೊಂದು ದೊಡ್ಡ ನಿದರ್ಶನವಿದೆ. ಈ ಪಂಥದ ಪ್ರವರ್ತಕನಾದ ಜಾನ್ ವೆಸ್ಲಿ 1739ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ನಗರದಲ್ಲಿ ‘ನ್ಯೂ ರೂಮ್’ ಎಂಬ ಪ್ರಾರ್ಥನಾಗೃಹವನ್ನು ಕಟ್ಟಿಸಲು ತೊಡಗಿ ಸಾಲದಲ್ಲಿ ಸಿಕ್ಕಿಕೊಂಡಾಗ, 1742ರ ಫೆಬ್ರುವರಿಯಲ್ಲಿ ಸಭೆಯವರು ಆ ಸಾಲ ತೀರಿಸುವ ದಾರಿಯನ್ನು ಚರ್ಚಿಸಲು ಕೂಡಿದರು. ಪ್ರತಿಯೊಬ್ಬ ಸದಸ್ಯನೂ ವಾರಕ್ಕೆ ಒಂದು ಪೆನ್ನಿ ಕೊಡಲಿ ಎಂಬ ಸಲಹೆ ಬಂದಾಗ, ಅಷ್ಟೂ ಕೊಡಲಾರದ ಬಡವರಿದ್ದಾರೆ ಎಂಬ ಆಕ್ಷೇಪವೂ ಎದ್ದಿತು. ಆಗ ಕ್ಯಾಪ್ಟನ್ ಫಾಯ್ ಎಂಬ ಸದಸ್ಯನು ಅತ್ಯಂತ ಬಡವರಾದ ಹನ್ನೊಂದು ಮಂದಿಯನ್ನು ತನಗೆ ಒಪ್ಪಿಸಿದರೆ ತಾನು ವಾರವಾರವೂ ಅವರ ಮನೆಗೆ ಹೋಗುವುದಾಗಿಯೂ, ಅವರು ಕೊಡಲಾರದೆ ಹೋದರೆ ಅವರ ಪಾಲನ್ನು ತಾನೇ ತುಂಬುವುದಾಗಿಯೂ ಹೇಳಿದನು. ಹೀಗೆ ಸಭೆಯು ಹನ್ನೆರಡು ಹನ್ನೆರಡು ಜನರ ಗುಂಪುಗಳಾಗಿ ಹಂಚಿಹೋಯಿತು. ಪೆನ್ನಿ ಕೇಳಲು ಮನೆಗೆ ಹೋದ ಮುಖಂಡರ ಕಣ್ಣಿಗೆ ಆ ಮನೆಯ ಕಾಯಿಲೆ, ಜಗಳ, ಕುಡಿತ, ನಿರುದ್ಯೋಗಗಳೂ ಬಿದ್ದವು. ಇದನ್ನು ಕಂಡ ವೆಸ್ಲಿ, ಸಾಲ ತೀರಿಸಲು ಹುಟ್ಟಿದ ಈ ಏರ್ಪಾಟನ್ನೇ ಸಭೆಯ ಯೋಗಕ್ಷೇಮ ನೋಡಿಕೊಳ್ಳುವ ಶಾಶ್ವತ ವ್ಯವಸ್ಥೆಯಾಗಿ ಬೆಳೆಸಿದನು. ‘ಕ್ಲಾಸ್ ಮೀಟಿಂಗ್’ ಎಂದು ಹೆಸರಾದ ಈ ಸಣ್ಣ ಕೂಟವು ಮುಂದೆ ಮೆಥೋಡಿಸ್ಟ್ ಜೀವನದ ಬೆನ್ನೆಲುಬಾಯಿತು. ಕಟ್ಟಡದ ಹಣಕ್ಕಾಗಿ ಬಾಗಿಲು ತಟ್ಟಿದ ಕೈಯೇ ಸಭೆಯನ್ನೂ ಕಟ್ಟಿತು ಎಂಬುದು ಈ ವೃತ್ತಾಂತದ ಸಾರ, ಮತ್ತು ಈ ವ್ಯಾಖ್ಯಾನದ ನಿಲುವೂ ಅದೇ.

ಇದಕ್ಕಿಂತ ಹಿಂದಿನ ಆಧಾರ ಪೌಲನ ಪತ್ರಗಳಲ್ಲಿ ದೊರೆಯುತ್ತದೆ. ಯೆರೂಸಲೇಮಿನ ಬಡ ವಿಶ್ವಾಸಿಗಳಿಗಾಗಿ ಕಾಣಿಕೆ ಕೂಡಿಸುತ್ತಿದ್ದ ಪೌಲನು, ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 16ನೆಯ ಅಧ್ಯಾಯದಲ್ಲಿ, ಪ್ರತಿಯೊಬ್ಬನೂ ವಾರದ ಮೊದಲ ದಿನ ತನ್ನ ಸಂಪಾದನೆಗೆ ತಕ್ಕಂತೆ ಒಂದಿಷ್ಟನ್ನು ತೆಗೆದಿಡಬೇಕೆಂದು ಸೂಚಿಸುತ್ತಾನೆ. ಪ್ರತಿಯೊಬ್ಬನೂ ಕೊಡುವುದು, ನಿಯಮದಿಂದ ಕೊಡುವುದು, ಶಕ್ತಿಗೆ ತಕ್ಕಷ್ಟು ಕೊಡುವುದು ಎಂಬ ಮೂರು ಅಂಶಗಳು ಆ ಸೂಚನೆಯಲ್ಲಿವೆ. ಇದೇ ವಿಚಾರವನ್ನು ‘ಸ್ವಾವಲಂಬನೆ’ಯ ತತ್ವವಾಗಿ ಹಿಡಿದ ಅಮೆರಿಕದ ಮೆಥೋಡಿಸ್ಟ್ ಬೋಧಕ ವಿಲಿಯಂ ಟೇಲರ್ 1870ರ ದಶಕದಲ್ಲಿ ಮುಂಬಯಿ, ಬೆಂಗಳೂರು, ಸಿಕಂದರಾಬಾದು ಮೊದಲಾದ ನಗರಗಳಲ್ಲಿ ಸಭೆಗಳನ್ನು ಸ್ಥಾಪಿಸಿ, ತಮ್ಮ ಪಾದ್ರಿಯನ್ನೂ ಚರ್ಚನ್ನೂ ಆಯಾ ಸಭೆಗಳೇ ಸಾಕಿಕೊಳ್ಳಬೇಕೆಂದು ಹಟ ಹಿಡಿದನು. ಆ ಸಭೆಗಳಲ್ಲಿ ಹೆಚ್ಚಿನವರು ಇಂಗ್ಲಿಷ್ ಮಾತನಾಡುವ ನಗರವಾಸಿಗಳಾಗಿದ್ದರಿಂದ ಅದು ನಡೆಯಿತು. ಮುಂದೆ ಬೀದರದಂಥ ಒಣಭೂಮಿಯ ಹಳ್ಳಿಗಳಿಗೆ ಮಿಶನ್ ಕಾಲಿಟ್ಟಾಗ ವಿದೇಶದ ಹಣವಿಲ್ಲದೆ ಶಾಲೆಯನ್ನಾಗಲಿ ಆಸ್ಪತ್ರೆಯನ್ನಾಗಲಿ ನಡೆಸುವುದು ಕಷ್ಟವಾಯಿತು. 1981ರಲ್ಲಿ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ ಸ್ವಾಯತ್ತ ಸಂಸ್ಥೆಯಾದ ಮೇಲೆ, ಹಾಗೂ ವಿದೇಶಿ ದೇಣಿಗೆಯ 2010ರ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ ಒಂದು ಸಂಸ್ಥೆ ಪಡೆದ ವಿದೇಶಿ ಹಣವನ್ನು ಇನ್ನೊಂದಕ್ಕೆ ವರ್ಗಾಯಿಸುವುದು ನಿಷಿದ್ಧವಾದ ಮೇಲೆ, ಹಳ್ಳಿಯ ಸಣ್ಣ ಸಭೆ ಮತ್ತೆ ತನ್ನ ಮನೆಗಳ ಕಡೆಗೇ ನೋಡಬೇಕಾಗಿದೆ. ಇದನ್ನು ಕೇವಲ ಕಷ್ಟವೆಂದು ಎಣಿಸದೆ, ಗಾದೆಯ ದಾರಿಗೆ ಹಿಂತಿರುಗುವ ಅವಕಾಶವೆಂದೂ ಕಾಣಬಹುದು.

ಹನಿ ಎಂದರೆ ಹಣವೇ ಆಗಬೇಕಿಲ್ಲ. ಕರ್ನಾಟಕದ ಬಹಳಷ್ಟು ಸಭೆಗಳು ಆಚರಿಸುವ ಸುಗ್ಗಿ ಹಬ್ಬದಲ್ಲಿ ಮೊದಲ ಫಲದ ಕಾಣಿಕೆಯಾಗಿ ಕಾಳು, ಕಾಯಿಪಲ್ಲೆ, ಕೋಳಿ, ತೆಂಗಿನಕಾಯಿಗಳನ್ನು ತಂದು ಒಪ್ಪಿಸುತ್ತಾರೆ. ಆರಾಧನೆಯ ನಂತರ ಅವುಗಳನ್ನು ಲಿಲಾವು ಮಾಡಿ ಬಂದ ಹಣವನ್ನು ಸಭೆಯ ನಿಧಿಗೆ ಸೇರಿಸುತ್ತಾರೆ. ನಗದು ಇಲ್ಲದ ಮನೆಯೂ ಒಂದು ಪಾಯಲಿ ಜೋಳ ಕೊಟ್ಟು ಅಂದು ತಲೆ ಎತ್ತಿ ನಿಲ್ಲಬಹುದು ಎಂಬುದೇ ಈ ಪದ್ಧತಿಯ ಘನತೆ. ಮಿಜೋರಾಮಿನಲ್ಲಿ 1910ರಲ್ಲಿ ಸಭೆಯ ಹೆಣ್ಣುಮಕ್ಕಳು ಆರಂಭಿಸಿದ ‘ಬುಹ್‌ಫಾಯ್ ಥಾಮ್’ ಎಂಬ ಹಿಡಿ ಅಕ್ಕಿಯ ಕಾಣಿಕೆ, ಅಂದರೆ ಪ್ರತಿ ಸಲ ಅಡುಗೆಗೆ ಇಡುವ ಮುನ್ನ ಒಂದು ಹಿಡಿಯನ್ನು ದೇವರ ಕೆಲಸಕ್ಕಾಗಿ ಬೇರೆ ಇಡುವ ಕ್ರಮ, ಒಂದು ಶತಮಾನ ದಾಟಿಯೂ ಅಲ್ಲಿನ ಸಭೆಗಳ ಮುಖ್ಯ ಆದಾಯಗಳಲ್ಲಿ ಒಂದಾಗಿ ಉಳಿದಿದೆ. ದುಡಿಮೆಯೂ ಒಂದು ಹನಿಯೇ. ಬೀದರದಂತೆಯೇ ಅಂದು ನಿಜಾಮರ ರಾಜ್ಯದಲ್ಲಿದ್ದ ಮೆದಕಿನಲ್ಲಿ ಮಿಶನರಿ ಚಾರ್ಲ್ಸ್ ವಾಕರ್ ಪಾಸ್ನೆಟ್ 1914ರಲ್ಲಿ ಆರಂಭಿಸಿ 1924ರ ಡಿಸೆಂಬರ್ 25ರಂದು ಪ್ರತಿಷ್ಠೆ ಮಾಡಿಸಿದ ಮಹಾದೇವಾಲಯ, ಸುಮಾರು 173 ಅಡಿ ಎತ್ತರದ ಅದರ ಗೋಪುರ, ಬರದ ಕಾಲದಲ್ಲಿ ಅನ್ನಕ್ಕಾಗಿ ಕಲ್ಲು ಮಣ್ಣು ಹೊತ್ತ ಜನರ ಕೈಯಿಂದ ಎದ್ದು ನಿಂತಿದೆ. ಹಣದ ದೊಡ್ಡ ಪಾಲು ಹೊರಗಿನಿಂದ ಬಂದಿತ್ತಾದರೂ, ಹಸಿದ ಸೀಮೆಗೆ ಆ ಕಟ್ಟಡ ಮೊದಲು ಉಣಬಡಿಸಿ ಆಮೇಲೆ ಆರಾಧನೆಗೆ ಕರೆಯಿತು ಎಂಬುದನ್ನು ಮರೆಯಲಾಗದು. ಕಾಯಕ ದಾಸೋಹಗಳ ವಿಚಾರ 12ನೆಯ ಶತಮಾನದಲ್ಲಿ ರೂಪು ತಳೆದ ಬಸವಕಲ್ಯಾಣ ಇದೇ ಬೀದರ ಜಿಲ್ಲೆಯಲ್ಲಿರುವುದರಿಂದ, ದುಡಿದದ್ದರಲ್ಲಿ ಹಂಚಿಕೊಳ್ಳಬೇಕೆಂಬ ಮಾತು ಇಲ್ಲಿನ ಕ್ರೈಸ್ತರಿಗೂ ಹೊರಗಿನಿಂದ ಬಂದ ಪಾಠವಲ್ಲ.

ಹನಿಗಳು ಕೂಡುವ ಬಗೆಯನ್ನು ಬೀದರದ ನೆಲವೇ ತೋರಿಸಿಕೊಡುತ್ತದೆ. ನಗರದ ಬಳಿ ನೌಬಾದಿನಲ್ಲಿ ಬಹಮನಿ ಕಾಲದಲ್ಲಿ, ಹದಿನೈದನೆಯ ಶತಮಾನದಲ್ಲಿ, ಕೊರೆದ ‘ಕರೇಜ್’ ಎಂಬ ಸುರಂಗ ನಾಲೆ ಜಂಬಿಟ್ಟಿಗೆಯ ಪದರದಲ್ಲಿ ಜಿನುಗುವ ನೀರನ್ನು ನೆಲದಡಿಯಲ್ಲಿಯೇ ಕೂಡಿಸಿ ದೂರಕ್ಕೆ ಒಯ್ಯುತ್ತಿತ್ತು. ಆ ನಾಲೆಯ ಉದ್ದಕ್ಕೂ ಮೇಲಿನಿಂದ ಇಳಿಬಿಟ್ಟ ಬಾವಿಯಂಥ ಕಂಡಿಗಳಿದ್ದು, ಅವುಗಳಿಂದ ಗಾಳಿ ಬೆಳಕು ಒಳಗೆ ಬರುತ್ತಿತ್ತು, ಹೂಳು ತೆಗೆಯಲೂ ದಾರಿಯಾಗುತ್ತಿತ್ತು. ಕಂಡಿಗಳು ಮುಚ್ಚಿದಲ್ಲಿ ಹೂಳು ತುಂಬಿ ನೀರು ನಿಲ್ಲುತ್ತದೆ. ಸಭೆಯ ನಿಧಿಗೂ ಅಂಥ ಕಂಡಿಗಳು ಬೇಕು: ಪಟ್ಟಿ ಎತ್ತಿದ ದಿನವೇ ಪ್ರತಿ ಮನೆಗೂ ಪಾವತಿ, ಒಬ್ಬನ ಹೆಸರಿನಲ್ಲಿರದೆ ಸಭೆಯ ಹೆಸರಿನಲ್ಲಿರುವ ಬ್ಯಾಂಕಿನ ಖಾತೆ, ಇಬ್ಬರ ಸಹಿ, ಸಿಮೆಂಟು ಕಬ್ಬಿಣದ ಬಿಲ್ಲುಗಳ ಕಡತ, ಮತ್ತು ತಿಂಗಳಿಗೊಮ್ಮೆ ಆರಾಧನೆಯ ನಂತರ ಓದು ಬಾರದವರಿಗೂ ತಿಳಿಯುವಂತೆ ಗಟ್ಟಿಯಾಗಿ ಓದಿ ಹೇಳುವ ಲೆಕ್ಕ. ಮೆಥೋಡಿಸ್ಟ್ ಕ್ರಮದಲ್ಲಿ ಸಭಾಪಾಲಕರನ್ನು ಬಿಷಪ್ಪರು ಊರಿಂದೂರಿಗೆ ನೇಮಿಸುವುದರಿಂದ, ಅಸ್ತಿವಾರ ಹಾಕಿಸಿದ ಪಾದ್ರಿಯೇ ಮಾಳಿಗೆ ಮುಗಿಯುವವರೆಗೂ ಇರುವರೆಂಬ ಖಾತ್ರಿ ಇಲ್ಲ. ಲೆಕ್ಕದ ಹೊಣೆ ಊರಲ್ಲೇ ಉಳಿಯುವ ಸಭಿಕರದ್ದು. ಐವತ್ತು ರೂಪಾಯಿ ಕೊಟ್ಟ ಕೂಲಿ ಹೆಂಗಸಿಗೆ ಆ ಐವತ್ತು ಎಲ್ಲಿ ಹೋಯಿತೆಂದು ತಿಳಿಯುವ ಹಕ್ಕು, ಐವತ್ತು ಸಾವಿರ ಕೊಟ್ಟವನಿಗಿರುವಷ್ಟೇ ಇದೆ.

ಗಾದೆ ಹನಿಯನ್ನು ಹೊಗಳುವಾಗ ಒಂದು ಎಚ್ಚರಿಕೆಯನ್ನೂ ಒಳಗಿಟ್ಟುಕೊಂಡಿದೆ. ಒಬ್ಬನೇ ಕೊಡ ತುಂಬಿ ಸುರಿದರೆ ನೀರು ಬಂದೀತು, ಆದರೆ ಆ ನೀರಿನ ಮೇಲೆ ಅವನ ಮಾತೂ ನಡೆದೀತು. ಕಟ್ಟಡದ ಹಿಡಿತ ಕೆಲವರ ಕೈಗೆ ಹೋದರೂ ಹಾಗೆಯೇ. ಬ್ರಿಸ್ಟಲಿನಲ್ಲಿ ವೆಸ್ಲಿ ಮೊದಲು ಹನ್ನೊಂದು ಮಂದಿ ಧರ್ಮದರ್ಶಿಗಳ ಹೆಸರಿಗೆ ಕಟ್ಟಡವನ್ನು ಒಪ್ಪಿಸಿದ್ದಾಗ, ಅವನ ಸಂಗಡಿಗ ಜಾರ್ಜ್ ವೈಟ್‌ಫೀಲ್ಡ್, ಬೋಧನೆ ಹಿಡಿಸದಿದ್ದರೆ ಅವರು ಬೋಧಕನನ್ನೇ ಹೊರಹಾಕಬಲ್ಲರೆಂದು ಎಚ್ಚರಿಸಿದ್ದರಿಂದ ಆ ಏರ್ಪಾಟು ರದ್ದಾಯಿತು. ಮಾರ್ಕನ ಸುವಾರ್ತೆಯ 12ನೆಯ ಅಧ್ಯಾಯದಲ್ಲಿ ಯೇಸು, ದೊಡ್ಡ ಮೊತ್ತ ಹಾಕಿದ ಶ್ರೀಮಂತರಿಗಿಂತ ಎರಡು ಸಣ್ಣ ಕಾಸು ಹಾಕಿದ ವಿಧವೆಯ ಕಾಣಿಕೆಯನ್ನೇ ಹೆಚ್ಚಿನದೆಂದು ಎಣಿಸುತ್ತಾನೆ. ಹೀಗಿರುವಾಗ, ದೊಡ್ಡ ದಾನಿಗಳ ಹೆಸರುಗಳನ್ನು ಮಾತ್ರ ಗೋಡೆಯ ಕಲ್ಲಿನಲ್ಲಿ ಕೊರೆಸಿ, ಸ್ಲ್ಯಾಬ್ ಹಾಕುವ ದಿನ ನೀರು ಹೊತ್ತವರನ್ನೂ ರೊಟ್ಟಿ ಬಡಿದವರನ್ನೂ ಮರೆಯುವ ರೂಢಿ ಸುವಾರ್ತೆಗೂ ಗಾದೆಗೂ ಸಲ್ಲದು. ಕೊಡಲಾರದವನ ಹೆಸರನ್ನು ಸಭೆಯೆದುರು ಬಾಕಿಯಾಗಿ ಓದುವುದು ಇನ್ನೂ ದೊಡ್ಡ ತಪ್ಪು. ಅಂಥವನ ಪಾಲನ್ನು ಸದ್ದಿಲ್ಲದೆ ತುಂಬುವ ಫಾಯ್‌ನಂಥವರು ಪ್ರತಿ ಸಭೆಗೂ ಬೇಕು.

ಕಡೆಯದಾಗಿ ಬಳ್ಳದ ಮಾತು. ಬಳ್ಳಕ್ಕೆ ಒಂದು ಅಂಚಿದೆ. ಅದು ತುಂಬಿದ ಮೇಲೆ ಕಾಳು ಬೇರೆ ಕಡೆಗೆ ಹೋಗಬೇಕು. ವಿಮೋಚನಕಾಂಡದ 36ನೆಯ ಅಧ್ಯಾಯದಲ್ಲಿ ದೇವದರ್ಶನದ ಗುಡಾರಕ್ಕಾಗಿ ಜನರು ತಂದೊಪ್ಪಿಸಿದ್ದು ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚಾದಾಗ, ಇನ್ನು ತರಬೇಡಿರೆಂದು ಮೋಶೆ ಸಾರಿಸಿದನೆಂದಿದೆ. ಇಷ್ಟು ಸಾಕೆಂದು ಮೊದಲೇ ನಿಶ್ಚಯಿಸಿಕೊಳ್ಳದ ಸಭೆ ಪಕ್ಕದೂರಿನ ಗೋಪುರಕ್ಕಿಂತ ಎತ್ತರದ ಗೋಪುರವನ್ನು ಬಯಸಿ ಸಾಲಕ್ಕೆ ಬೀಳುತ್ತದೆ, ಮಕ್ಕಳ ಓದಿಗೂ ರೋಗಿಗಳ ಔಷಧಕ್ಕೂ ಹೋಗಬೇಕಾದ ಕಾಣಿಕೆ ಬಡ್ಡಿಗೆ ಹೋಗುತ್ತದೆ. ಆದ್ದರಿಂದ ಕಟ್ಟಡ ಸಮಿತಿ ಮೊದಲ ಸಭೆಯಲ್ಲಿಯೇ ಎರಡು ನಿರ್ಣಯಗಳನ್ನು ಬರೆದಿಡುವುದು ಒಳ್ಳೆಯದು: ಊರಿನ ಆರಾಧಕರಿಗೆ ಎಷ್ಟು ದೊಡ್ಡ ಚರ್ಚು ಸಾಕು ಎಂಬುದು ಒಂದು, ಕಟ್ಟಡ ಮುಗಿದ ಮರುವಾರವೂ ಮನೆಮನೆಗೆ ಹೋಗುವ ನಡಿಗೆ ನಿಲ್ಲಕೂಡದು ಎಂಬುದು ಇನ್ನೊಂದು. ಹಣ ಎತ್ತಲು ಮಾತ್ರ ಬಾಗಿಲಿಗೆ ಬಂದವರನ್ನು ಜನ ಬೇಗ ಮರೆಯುತ್ತಾರೆ. ಹಣದ ಗರಜು ತೀರಿದ ಮೇಲೂ ಆರೋಗ್ಯ ವಿಚಾರಿಸಲು ಬರುವವರಿಂದ ಸಭೆ ಉಳಿಯುತ್ತದೆ, ಸಭೆ ಉಳಿದಲ್ಲಿ ಕಟ್ಟಡಕ್ಕೆ ಸುಣ್ಣ ಬಳಿಯುವವರೂ ಸೋರುವ ಮಾಳಿಗೆ ಸರಿಪಡಿಸುವವರೂ ತಪ್ಪದೆ ಇರುತ್ತಾರೆ.